ಲಿಫ್ಟಪ್ಪನನ್ನು ಮನೆ ಮುಟ್ಟಿಸಿದ್ದು

ನನ್ನ ತಮ್ಮ ಲಿಫ್ಟ್ ರಿಪೇರಿಯವನು. ಬುಧವಾರ ಬೆಳಿಗ್ಗೆ ಯಾವುದೋ ಆಫೀಸು ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಪಕ್ಕದ ಕಂಬಿಗೆ ಗ್ರೀಸ್ ಹಚ್ಚುತ್ತಿದ್ದ. ಅವನು ಮೇಲಿದ್ದಾನೆಂಬುದು ತಿಳಿಯದೆ ಕೆಳಗೆ ಯಾರೋ ಮೇನ್ ಸ್ವಿಚ್ ಹಾಕಿದರು; ಲಿಫ್ಟ್ ಜಗ್ಗನೆ ಎದ್ದಿತು, ಅವನು ಕೆಳಕ್ಕೆ ಬಿದ್ದ. ಮಾರನೆಯ ದಿನ ಆಸ್ಪತ್ರೆಯಿಂದ ಅವನನ್ನು ನೇರವಾಗಿ ಮಣ್ಣಿಗೇ ಒಯ್ದೆವು. ನಮ್ಮದು ನಾಲ್ಕನೇ ಮಹಡಿ, ಮೆಟ್ಟಿಲು ಕಿರಿದು, ಆ ಸ್ಥಿತಿಯಲ್ಲಿ ಹತ್ತಿಸಿ ಇಳಿಸುವುದು ಬೇಡ ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಗಿಸಿದವನ ಮನೆಗೆ ಲಿಫ್ಟಿಲ್ಲ. ಬುದ್ಧಿ ಹೇಳಿದವರಿಗೇನು, ಅವರವರ ಮನೆಗೆ ಅವರು ಹೋದರು. ಬೆಳಿಗ್ಗೆ ಡಬ್ಬಿ ಹಿಡಿದು ಹೊರಟ ನನ್ನ ತಮ್ಮ ಮಾತ್ರ ಮನೆಗೆ ಬರಲೇ ಇಲ್ಲ. ಅದೊಂದು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಶನಿವಾರ ಅವನ ಹೆಂಡತಿಯ ಫೋನ್ ಬಂತು. ಹೆಂಡತಿ ಅನ್ನಬೇಕೋ ಬೇಡವೋ, ಇಬ್ಬರೂ ಬೇರೆಯಾಗಿ ಮೂರು ವರ್ಷವಾಗಿದೆ. ಮಗಳನ್ನು ಕರೆದುಕೊಂಡು ಅವಳು ಬೇರೆ ಊರಿನಲ್ಲಿದ್ದಾಳೆ. ಮಣ್ಣಿಗೆ ಒಬ್ಬಳೇ ಬಂದು, ಎಲ್ಲರಿಂದ ದೂರ ನಿಂತು, ಅತ್ತು ಹೋಗಿದ್ದಳು.

“ಅತ್ತಿಗೆ, ಪುಟ್ಟಿಗೆ ಇನ್ನೂ ಹೇಳಿಲ್ಲ,” ಅಂದಳು. “ಸೋಮವಾರದಿಂದ ಪರೀಕ್ಷೆ. ಮುಗೀಲಿ, ನಾನೇ ಹೇಳ್ತೀನಿ.”

“ಅಪ್ಪ ಸತ್ತಿದ್ದನ್ನ ಮುಚ್ಚಿಟ್ಟು ಮಗೂಗೆ ಪರೀಕ್ಷೆ ಬರೆಸ್ತೀಯಾ? ನಿನ್ನ ತಲೆ ನೆಟ್ಟಗಿದ್ಯಾ?”

“ಬೈಯಿರಿ, ಬೈಸ್ಕೊಳ್ತೀನಿ. ಆದ್ರೆ ನಾಳೆ ಭಾನುವಾರ. ಅವಳು ಆಟಕ್ಕೆ ಕೂತ್ಕೊಳ್ತಾಳೆ. ಅವ್ರು ಬರ್ಲಿಲ್ಲ ಅಂದ್ರೆ ಫೋನ್ ಮಾಡ್ತಾಳೆ. ಫೋನೂ ತೆಗೀಲಿಲ್ಲ ಅಂದ್ರೆ ನಾನೇನು ಹೇಳ್ಲಿ? ಒಂದೇ ಒಂದು ಭಾನುವಾರ, ಅತ್ತಿಗೆ. ಅವ್ರ ಬದಲು ನೀವು ಆಡಿ.”

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದು ಫೋನ್ ಇಟ್ಟೆ.

ಆ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಫೋನಿನಲ್ಲಿ ಈ ಹುಡುಗಿ ಅಪ್ಪನ ಹತ್ತಿರ ಹ್ಞೂಂ, ಉಹೂಂ ಬಿಟ್ಟು ಮೂರನೆಯ ಮಾತಾಡಿದವಳಲ್ಲ. ಆಟಕ್ಕೆ ಕೂತರೆ ಮಾತ್ರ ಬಾಯಿಗೆ ಬಿಡುವಿಲ್ಲ. ಮರ, ಮಣ್ಣು, ಮೋಡ, ಹಸು ಎಲ್ಲವೂ ಇಟ್ಟಿಗೆಯ ಹಾಗೆ ಚೌಕ ಚೌಕವಾಗಿರುವ ಒಂದು ಲೋಕ ಅದು. ಗೆಲ್ಲುವುದು ಸೋಲುವುದು ಏನೂ ಇಲ್ಲ. ಅಗೆಯುವುದು, ಕಟ್ಟುವುದು, ಅಲೆಯುವುದು, ಅಷ್ಟೇ. ಅದರೊಳಗೆ ಅಪ್ಪ ಮಗಳು ಸೇರಿ ಒಂದು ಮನೆ ಕಟ್ಟಿಕೊಂಡಿದ್ದರು. ಅಪ್ಪನಿಗೆ ಅವಳಿಟ್ಟ ಹೆಸರು ಲಿಫ್ಟಪ್ಪ. ಅವನ ಗೊಂಬೆಯ ತಲೆಯ ಮೇಲೆ ಆ ಹೆಸರು ಯಾವಾಗಲೂ ತೇಲುತ್ತಿರುತ್ತದೆ. ಭಾನುವಾರ ನನ್ನ ಅಡುಗೆಮನೆಯ ಮೇಜಿಗೆ ಟ್ಯಾಬ್ ಒರಗಿಸಿ ಅವನು ಕೂತರೆ, ಪಕ್ಕದಲ್ಲಿ ನಾನು ಗಿರಾಕಿಗಳ ಸೋಫಾ ಕವರಿಗೆ ಅಂಚು ಹೊಲಿಯುತ್ತ, “ಕತ್ತೆ ವಯಸ್ಸಾಯ್ತು, ಗೊಂಬೆ ಆಡ್ತಾನೆ ನೋಡು,” ಎಂದು ರೇಗಿಸುತ್ತಿದ್ದೆ. “ಅವಳು ನನ್ನ ಜೊತೆ ಓಡಾಡೋದು ಇದೊಂದೇ ಕಡೆ, ಅಕ್ಕ,” ಅನ್ನುತ್ತಿದ್ದ.

ಹೋದ ಭಾನುವಾರ ಅವಳಿಗೆ ಕಿಟಕಿಗೆ ನೀಲಿ ಕಲ್ಲು ಬೇಕೆಂದು ಇವನು ಬಹಳ ದೂರ ಹೋಗಿದ್ದ. ಹೊತ್ತಾಯಿತೆಂದು ಅವಳಮ್ಮ ಕೂಗಿದಾಗ ಇನ್ನೂ ಯಾವುದೋ ಹಿಮದ ಗುಡ್ಡದ ಮೇಲಿದ್ದ. “ಮುಂದಿನ ವಾರ ಮನೆಗೆ ಬರ್ತೀನಿ ಪುಟ್ಟಿ,” ಎಂದು ಅಲ್ಲೇ ಆರಿಸಿದ್ದ. ಫೋನ್ ಇಟ್ಟ ಮೇಲೆ ನನಗೆ ಅದು ನೆನಪಾಯಿತು. ಅಂದರೆ ಅವನು ಅಲ್ಲೇ ನಿಂತಿದ್ದಾನೆ. ಅಲ್ಲೂ ಮನೆ ಸೇರಿಲ್ಲ. ಸುಳ್ಳು ಹೇಳುವುದಕ್ಕಲ್ಲ, ಯಾರ ಪರೀಕ್ಷೆಗೂ ಅಲ್ಲ, ಅಲ್ಲಾದರೂ ಅವನನ್ನು ಮನೆ ಮುಟ್ಟಿಸಿ ಹಾಸಿಗೆಯಲ್ಲಿ ಮಲಗಿಸಬೇಕು ಅನ್ನಿಸಿತು. ಅವನ ಹೆಂಡತಿಗೆ ಮತ್ತೆ ಫೋನ್ ಮಾಡಿ, ಆಡುತ್ತೇನೆ, ಪುಟ್ಟಿಗೆ ಏನೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಭಾನುವಾರ ಮಧ್ಯಾಹ್ನ ಟ್ಯಾಬ್ ತೆರೆದರೆ ಅವನಿದ್ದ. ಬಿಳಿ ಗುಡ್ಡದ ಮೇಲೆ ಒಬ್ಬನೇ. ನಾನು ಕಣ್ಣೊರೆಸಿಕೊಂಡು, ಮೈಕ್ ಆರಿಸಿ ಕೂತೆ.

“ಬಂದ್ಯಾ ಅಪ್ಪ! ಎಷ್ಟು ಹೊತ್ತಿಂದ ಕಾಯ್ತಿದೀನಿ,” ಪುಟ್ಟಿಯ ದನಿ ಅಡುಗೆಮನೆ ತುಂಬ ತುಂಬಿತು. “ಯಾಕೆ ಮಾತಾಡ್ತಿಲ್ಲ?”

‘ಮೈಕ್ ಕೆಟ್ಟಿದೆ’ ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದೆ. ಸುಳ್ಳು ಬರೆಯುವುದು ಹೇಳುವುದಕ್ಕಿಂತ ಸುಲಭ ಎಂದು ಆಗ ಗೊತ್ತಾಯಿತು.

“ಸರಿ, ಬೇಗ ಮನೆಗೆ ಬಾ. ನಾನು ಬಾಗಿಲಲ್ಲೇ ಇದೀನಿ.”

ಕತ್ತರಿ ಹಿಡಿದು ದಡ್ಡುಗಟ್ಟಿದ ಹೆಬ್ಬೆರಳು ನನ್ನದು. ಮುಂದೆ ಅಂದರೆ ಪಕ್ಕಕ್ಕೆ ಹೋಗುತ್ತದೆ, ಪಕ್ಕಕ್ಕೆ ಅಂದರೆ ಆಕಾಶ ನೋಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಟ್ಯಾಬಿಗೆ ಬೈಯುತ್ತ ಗುಡ್ಡವಿಳಿಸಿದೆ. ಅವನ ಚೀಲದಲ್ಲಿ ಒಂದು ದಿಕ್ಸೂಚಿಯಿತ್ತು. ದೇವರು ದೊಡ್ಡವನು ಅಂದುಕೊಂಡು ಅದನ್ನು ಕೈಗೆ ಕೊಟ್ಟು, ಕೆಂಪು ಮುಳ್ಳು ತೋರಿದ ಕಡೆ ನಡೆಸಿದೆ. ಕಾಡು, ಹೊಳೆ, ಮತ್ತೆ ಕಾಡು. ಕೊನೆಗೆ ಮುಳ್ಳು ಗಿರಗಿರನೆ ತಿರುಗತೊಡಗಿತು. ಸುತ್ತ ನೋಡಿದರೆ ಮರಳು, ಸಮುದ್ರ, ಎರಡು ಆಮೆ. ಮನೆಯ ಸುಳಿವೇ ಇಲ್ಲ.

‘ಮನೆ ಇಲ್ಲ’ ಎಂದು ಬರೆದೆ.

ಅವಳು ಬಿದ್ದು ಬಿದ್ದು ನಕ್ಕಳು. “ಮತ್ತೆ ದಿಕ್ಸೂಚಿ ನೋಡ್ಕೊಂಡು ಹೋದ್ಯಾ? ಎಷ್ಟು ಸಲ ಹೇಳಿದೀನಿ! ಅದು ಮನೆ ತೋರ್ಸಲ್ಲ ಅಪ್ಪ. ಮೊದಲ್ನೇ ದಿನ ನಾವು ಬಂದು ಬಿದ್ವಲ್ಲ, ಆ ಜಾಗ ತೋರ್ಸುತ್ತೆ. ಹಿಂದೆ ಕಾಡಿನ ಬಾಯಲ್ಲಿ ಪಂಜು ಕಾಣ್ತಿದ್ಯಾ? ಹೋಗೋವಾಗ ಬಲಗಡೆ ನೆಟ್ಕೊಂಡು ಹೋಗಿದ್ದೆ ನೀನು. ಬರೋವಾಗ ಎಲ್ಲಾ ಎಡಗಡೆ ಇರ್ಬೇಕು. ಎಡಗಡೆ ಇದ್ರೆ ಮನೆ, ಬಲಗಡೆ ಇದ್ರೆ ದಾರಿ ತಪ್ತು. ಅಷ್ಟೇ.”

ನಿಜ, ಕಾಡಿನ ಬಾಯಲ್ಲಿ ಒಂದು ಪಂಜು ಉರಿಯುತ್ತಿತ್ತು. ನನ್ನ ತಮ್ಮ ತನ್ನ ಕೈಯಾರೆ ನೆಟ್ಟದ್ದು. ಅದಾದ ಮೇಲೆ ಇನ್ನೊಂದು, ಅದರಾಚೆ ಇನ್ನೊಂದು. ಸೀರೆಗೆ ಕುಚ್ಚು ಕಟ್ಟಿದಷ್ಟು ಅಚ್ಚುಕಟ್ಟಾಗಿ ಒಂದೇ ಅಳತೆಯಲ್ಲಿ ನೆಟ್ಟಿದ್ದ. ಕೆಲಸದಲ್ಲಿ ಅವನು ಯಾವತ್ತೂ ಹಾಗೆಯೇ. ಆ ಸ್ವಿಚ್ ಹಾಕಿದವನೂ ಅಷ್ಟೇ ಅಚ್ಚುಕಟ್ಟಾಗಿದ್ದರೆ ಎಂದು ನನಗೆ ಸಿಟ್ಟೇ ಸಿಟ್ಟು ಬಂತು. ಪಂಜುಗಳನ್ನು ಎಡಕ್ಕಿಟ್ಟುಕೊಂಡು ನಡೆಸಿದೆ.

ಕಾಡಿನ ನಡುವೆ ಹೊತ್ತು ಮುಳುಗಿತು. ಆ ಲೋಕದಲ್ಲಿ ಹಗಲು ಬೇಗ ಮುಗಿಯುತ್ತದೆ. ಕತ್ತಲಾದರೆ ಪಿಶಾಚಿಗಳು ಏಳುತ್ತವೆ. ಒಂದು ಹಸಿರು ಹೆಣ ಕೈ ಚಾಚಿಕೊಂಡು ಬಂತು. ಓಡಿಸಿದೆ. ಓಡಿದ ರಭಸಕ್ಕೆ ಪಂಜುಗಳೂ ತಪ್ಪಿಹೋದವು. ಈಗ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

‘ದಾರಿ ತಪ್ಪಿತು’ ಎಂದು ಬರೆದೆ.

“ಹೆದರ್ಬೇಡ. ನಿಂತಲ್ಲೇ ಗುಂಡಿ ತೋಡಿ ಒಳಗೆ ಇಳಿ. ಮೇಲೆ ಮಣ್ಣು ಮುಚ್ಕೋ. ಬೆಳಗಾಗೋವರೆಗೂ ಯಾರೂ ಮುಟ್ಟಲ್ಲ.”

ನಾನು ಕೈ ಹಿಂದಕ್ಕೆಳೆದುಕೊಂಡೆ. ಗುರುವಾರ ತಾನೇ ಅವನ ಮೇಲೆ ಮಣ್ಣು ಹಾಕಿದ ಕೈ ಇದು. ‘ಬೇಡ’ ಎಂದಷ್ಟೇ ಬರೆದೆ.

“ಅಯ್ಯೋ ಅಪ್ಪ! ಹಾಗಾದ್ರೆ ಒಂದು ಕೆಲ್ಸ ಮಾಡು, ಸತ್ತುಬಿಡು.”

ಟ್ಯಾಬ್ ನನ್ನ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು.

“ಕೇಳಿಸ್ತಾ? ಅದೇ ಎಲ್ಲಕ್ಕಿಂತ ಹತ್ತಿರದ ದಾರಿ. ಚೀಲ ಅಲ್ಲೇ ಪೆಟ್ಟಿಗೇಲಿಟ್ಟು ಎಲ್ಲಿಂದಾದ್ರೂ ಕೆಳಗೆ ಹಾರು. ಸತ್ತ ತಕ್ಷಣ ನಿನ್ನ ಹಾಸಿಗೇಲಿ ಎದ್ದು ಕೂತಿರ್ತೀಯ, ನನ್ನ ಪಕ್ಕದಲ್ಲೇ. ಎಲ್ಲರೂ ಹಂಗೇ ಮಾಡೋದು.”

ಅವಳದು ತಪ್ಪಲ್ಲ. ಆಟದ ನಿಯಮವೇ ಅದು. ಒಂದು ಬೆರಳು ಒತ್ತಿದರೆ ಅವನು ಮನೆಯಲ್ಲಿ, ನಾನು ಬಯಸಿದ ಹಾಸಿಗೆಯಲ್ಲೇ. ನಾನು ಬಂದದ್ದೂ ಅದಕ್ಕೇ. ಆದರೆ ಎರಡನೇ ಸಲ ಅವನನ್ನು ಮೇಲಿಂದ ಕೆಳಗೆ ಬೀಳಿಸಲು ನನ್ನ ಕೈಯಲ್ಲಿ ಆಗಲಿಲ್ಲ. ‘ಇಲ್ಲ, ನಡೆದೇ ಬರುತ್ತೇನೆ’ ಎಂದು ಬರೆದೆ.

“ಏನಾಗಿದೆ ನಿಂಗೆ ಇವತ್ತು? ಅಮ್ಮ ಈಗ ಓದೋಕೆ ಕೂಗ್ತಾಳೆ. ಹೋಗ್ಲಿ, ಮೇಲೆ ಮೂಲೇಲಿ ನಂಬರ್ ಇದ್ಯಲ್ಲ, ಅದನ್ನಾದ್ರೂ ಹೇಳು. ನಾನೇ ಬರ್ತೀನಿ.”

ಪರದೆಯ ಮೂಲೆಯಲ್ಲಿ ಮೂರು ಅಂಕಿಗಳಿದ್ದವು. ಆ ಲೋಕದಲ್ಲಿ ಪ್ರತಿ ಜಾಗಕ್ಕೂ ಒಂದು ವಿಳಾಸ ಇದೆಯಂತೆ. ಬರೆದೆ. ಒಂದು ಮರದ ಬೆನ್ನಿಗೆ ಅವನನ್ನು ಒತ್ತಿ ನಿಲ್ಲಿಸಿ ಕಾದೆ. ಕತ್ತಲಲ್ಲಿ ಯಾವ್ಯಾವುದೋ ನರಳುವ ಸದ್ದು. ಆಮೇಲೆ ದೂರದಲ್ಲಿ ಒಂದು ಬೆಳಕು ಕಾಣಿಸಿ, ಮರಗಳ ಮಧ್ಯದಿಂದ ಪುಟ್ಟಿಯ ಗೊಂಬೆ ಕುಪ್ಪಳಿಸುತ್ತ ಬಂತು. ಅಪ್ಪನ ಸುತ್ತ ಒಂದು ಸುತ್ತು ಹಾಕಿತು.

“ಸಿಕ್ಕಿದೆ! ನೋಡು, ನಡ್ಕೊಂಡು ಹೋಗೋಷ್ಟು ಟೈಮಿಲ್ಲ. ನಿಂಗೆ ಹಾರೋಕೆ ಭಯ ತಾನೇ? ನಾನೇ ಕಳಿಸ್ತೀನಿ.” ಗೊಂಬೆಯ ಕೈಗೆ ಕತ್ತಿ ಬಂತು. “ಕಣ್ಣು ಮುಚ್ಕೋ ಅಪ್ಪ. ಎರಡೇ ಏಟು.”

ನನಗೆ ಬರೆಯಲು ಎಲ್ಲಿಯ ಹೊತ್ತು! ಮೈಕ್ ಒತ್ತಿ, “ಬೇಡ! ಹೊಡೀಬೇಡ್ವೇ!” ಎಂದು ಚೀರಿದೆ.

ಕತ್ತಿ ಎತ್ತಿದಂತೆಯೇ ನಿಂತಿತು.

“ಅತ್ತೆ?” ಅಂದಳು. “ನೀನ್ಯಾಕೆ ಆಡ್ತಿದೀಯ? ಅಪ್ಪ ಎಲ್ಲಿ?”

ಕೆಲಸಕ್ಕೆ ಹೋಗಿದ್ದಾನೆ ಅನ್ನಬಹುದಿತ್ತು. ಸ್ನಾನಕ್ಕೆ ಹೋಗಿದ್ದಾನೆ ಅನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಅವಳೇ, ನನ್ನನ್ನು ಸಮಾಧಾನ ಮಾಡುವವಳ ಹಾಗೆ, “ಅಪ್ಪಂಗೆ ಏನೂ ಆಗಲ್ಲ ಅತ್ತೆ. ಸತ್ರೆ ಮನೇಲಿ ಏಳ್ತಾನೆ,” ಅಂದಳು.

“ಏಳಲ್ಲ ಪುಟ್ಟಿ,” ಅಂದೆ. “ನಿಮ್ಮಪ್ಪ ಏಳಲ್ಲ ಕಂದ. ಬುಧವಾರ ಕೆಲ್ಸದಲ್ಲಿ ಲಿಫ್ಟ್ ಮೇಲಿಂದ ಬಿದ್ದು ಹೋಗ್ಬಿಟ್ಟ.”

ಕೊಟ್ಟ ಮಾತು ಮುರಿದಿದ್ದೆ. ನೆಟ್ಟಗೆ, ಮೆತ್ತಗೆ ಹೇಳುವ ಹತ್ತು ದಾರಿ ಇದ್ದಿರಬಹುದು, ನನಗೆ ಒಂದೂ ಹೊಳೆಯಲಿಲ್ಲ.

“ಗುರುವಾರ ಅಮ್ಮ ಆಫೀಸ್ ಕೆಲ್ಸ ಅಂತ ಊರಿಗೆ ಹೋಗಿದ್ಲು,” ಅಂದಳು ಕೊನೆಗೆ.

“ಇಲ್ಲಿಗೇ ಬಂದಿದ್ಲು.”

“ನಂಗೆ ಯಾಕೆ ಹೇಳ್ಲಿಲ್ಲ?”

“ಪರೀಕ್ಷೆ ಅಂತ. ನೀನು ಹೆದರ್ಕೋತೀಯ ಅಂತ. ನಮಗೇ ಭಯ ಆಗಿತ್ತು ಪುಟ್ಟಿ.”

ಗೊಂಬೆ ಕತ್ತಿಯನ್ನು ನೆಲಕ್ಕೆ ಎಸೆಯಿತು. ಅವಳು ಅಳುವುದು ಕೇಳಿಸಿತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಪಕ್ಕದ ಕೋಣೆಗೆ ಕೇಳಿಸಬಾರದೆಂದು. ನಾನೂ ಅತ್ತೆ. ಅವಳನ್ನು ಅಪ್ಪಿಕೊಳ್ಳಲು ಆಗದೆ ಟ್ಯಾಬಿನ ಅಂಚನ್ನು ಹಿಡಿದುಕೊಂಡಿದ್ದೆ. ಪರದೆಯಲ್ಲಿ ಎರಡು ಗೊಂಬೆಗಳು ಎದುರುಬದುರು ನಿಂತೇ ಇದ್ದವು.

“ನಾನು ಹೊಡೀತಿದ್ನಲ್ಲ ಅತ್ತೆ,” ಅಂದಳು.

“ಹೊಡೀಲಿಲ್ಲವಲ್ಲ. ಆಯ್ತು, ಬಿಡು.”

ಮೂಗು ಒರೆಸಿಕೊಂಡ ಸದ್ದು. “ನಡ್ಕೊಂಡೇ ಹೋಗೋಣ. ನನ್ನ ಬೆನ್ನ ಹಿಂದೇನೇ ಬಾ. ಅಪ್ಪನ್ನ ಆಕಡೆ ಈಕಡೆ ಬಿಡ್ಬೇಡ.”

ಅವಳು ಮುಂದೆ, ಅವನು ಹಿಂದೆ. ನಾನು ಎಡವಿಸಿದಾಗೆಲ್ಲ ತಿರುಗಿ ನಿಂತು ಕಾಯುತ್ತಿದ್ದಳು. ಹೊಳೆ ಬಂದರೆ ಹಲಗೆ ಹಾಸಿದಳು. ಹಸಿರು ಹೆಣ ಬಂದರೆ ಅಪ್ಪನ ಮುಂದೆ ಅಡ್ಡ ನಿಂತಳು. ಗುಡ್ಡ ದಾಟಿದ ಮೇಲೆ ಕಿಟಕಿಯ ಬೆಳಕು ಕಂಡಿತು. ಮರದ ಬಾಗಿಲು, ಎರಡು ಕುರ್ಚಿ, ಒಲೆ, ಅಕ್ಕಪಕ್ಕ ಎರಡು ಕೆಂಪು ಹಾಸಿಗೆ. ಇನ್ನೂ ಕತ್ತಲಿತ್ತು. ಹೇಗೆ ಮಲಗಿಸುವುದೆಂದು ಅವಳೇ ಹೇಳಿಕೊಟ್ಟಳು. ನನ್ನ ತಮ್ಮ ಮಲಗಿದ. ಮನೆ ಸೇರಿದ. ಹೊಟ್ಟೆಯೊಳಗಿನ ಕೆಂಡ ಆರಲಿಲ್ಲ, ಆರುತ್ತದೆ ಅಂದುಕೊಂಡಿದ್ದು ನನ್ನ ಹುಚ್ಚು.

“ನೀನೂ ಮಲಕ್ಕೋ ಪುಟ್ಟಿ. ಸುಸ್ತಾಗಿದೀಯ,” ಅಂದೆ.

“ನಾನು ಮಲಗಲ್ಲ.” ಅವಳ ಗೊಂಬೆ ಹಾಸಿಗೆಯ ಪಕ್ಕ ನಿಂತಿತ್ತು. “ಇಲ್ಲಿ ಎಲ್ಲರೂ ಮಲಗಿದ್ರೆ ತಕ್ಷಣ ಬೆಳಗಾಗ್ಬಿಡುತ್ತೆ ಅತ್ತೆ. ಬೆಳಗಾದ್ರೆ ಅಪ್ಪನ್ನ ಎಬ್ಬಿಸ್ಬಿಡುತ್ತೆ. ಆಮೇಲೆ ನೀನು ಆರಿಸ್ತೀಯ, ಅವನು ಮಾಯ ಆಗ್ತಾನೆ. ಸ್ವಲ್ಪ ಹೊತ್ತು ಆರಿಸ್ಬೇಡ.”

“ಇಲ್ಲ, ಆರಿಸಲ್ಲ.”

ಆ ಕಡೆ ಬಾಗಿಲು ತೆರೆದ ಸದ್ದಾಯಿತು. “ಪುಟ್ಟೀ, ಸಾಕು ಆಟ. ಏಳು, ಓದ್ಕೋ ಬಾ,” ಅವಳಮ್ಮನ ದನಿ.

“ಮೆತ್ತಗೆ ಮಾತಾಡಮ್ಮ,” ಅಂದಳು ಪುಟ್ಟಿ. “ಅಪ್ಪ ಮಲಗಿದಾನೆ.”

ಅವಳಮ್ಮ ಕುರ್ಚಿ ಎಳೆದು ಪಕ್ಕದಲ್ಲಿ ಕೂತದ್ದು ಕೇಳಿಸಿತು. ನಾನು ಎದ್ದು ಅವನ ಚಾರ್ಜರ್ ಹುಡುಕಿ ತಂದು ಟ್ಯಾಬಿಗೆ ಸಿಕ್ಕಿಸಿದೆ.