ಮರದ ಬೆನ್ನು

ಊಟದ ಮೇಜಿನ ಮೇಲೆ ಮೂರು ಬಟ್ಟೆಯ ತುಂಡುಗಳನ್ನು ಸಾಲಾಗಿ ಹರಡಿ, ಗಿರಾಕಿಯ ಮುಂದೆ ನಿಂತವಳಂತೆ ಅವಳು ಕೈಕಟ್ಟಿ ನಿಂತಳು. ಬೆಳ್ಳಿ ಎಳೆಯಿದ್ದ ಬಿಳಿ, ಕಡುಗೆಂಪು, ಒಣಹುಲ್ಲಿನ ಬಣ್ಣದ ಒರಟು ನಾರುಬಟ್ಟೆ. ಎದುರಿಗೆ ಕೂತಿದ್ದ ಗಂಡನ ಮಗಳು ಬ್ರೆಡ್ಡಿನ ಅಂಚು ಕಿತ್ತು ತಟ್ಟೆಯ ಬದಿಗೆ ಜೋಡಿಸುತ್ತಿದ್ದಳು.

“ಈ ಸಲ ಕ್ರಿಸ್‌ಮಸ್ಸಿಗೆ ಮನೆ ಹೇಗಿರ್ಬೇಕು ಹೇಳು. ನೀನು ಹೇಳಿದ ಹಾಗೇ ಮಾಡೋಣ.”

ಹುಡುಗಿ ಮೂರನ್ನೂ ನೋಡಿದಳು. ಕೆಂಪಿನ ಮೇಲೆ ಅವಳ ಕಣ್ಣು ಒಂದು ಗಳಿಗೆ ಹೆಚ್ಚು ನಿಂತಿತೋ ಇಲ್ಲವೋ ಹೇಳುವುದು ಕಷ್ಟ. “ನಿಮ್ಮಿಷ್ಟ,” ಎಂದು ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳಿಗೆ ಸಿಗುತ್ತಿದ್ದ ಉತ್ತರ ಇದೊಂದೇ. ಕಿಟಕಿ ತೆರೆಯಲೇ ಎಂದರೆ ನಿಮ್ಮಿಷ್ಟ, ಜಡೆ ಹಾಕಲೇ ಎಂದರೆ ನಿಮ್ಮಿಷ್ಟ. ಮದುವೆಗೆ ಮುಂಚೆ ಬಾಯಿತುಂಬ ‘ಆಂಟಿ’ ಎನ್ನುತ್ತಿದ್ದ ಹುಡುಗಿ ಆಮೇಲೆ ಅವಳನ್ನು ಏನೆಂದೂ ಕರೆದಿರಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಮರ್ಯಾದೆ ಕೊಟ್ಟು ದೂರ ಇಡುವವರ ಜೊತೆ ಹೇಗೆ ಏಗುವುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬಟ್ಟೆಗಳ ದೊಡ್ಡ ಅಂಗಡಿಯೊಂದರಲ್ಲಿ ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಗಳನ್ನು ಸಿಂಗರಿಸುವುದು ಅವಳ ಕೆಲಸ. ಸದಾ ಬಾಯಲ್ಲಿ ನಾಲ್ಕಾರು ಸೂಜಿ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಅಲ್ಲಿ ಎಲ್ಲರೂ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಬೊಂಬೆಯ ಮೈಮೇಲೆ ಕೋಟು ಅಳತೆಗೆ ಹೊಲಿದಂತೆ ಕೂತಿದ್ದರೆ, ಅದರ ಬೆನ್ನ ಹಿಂದೆ ಈ ಗುಂಡುಸೂಜಿಯ ಕೈಚಳಕವಿದೆ ಎಂದೇ ಅರ್ಥ: ಹೆಚ್ಚಿನ ಬಟ್ಟೆಯನ್ನೆಲ್ಲ ಹಿಂದಕ್ಕೆಳೆದು ಸೂಜಿ ಚುಚ್ಚಿರುತ್ತಿದ್ದಳು. ಅಲ್ಲಿ ಬೆನ್ನನ್ನು ಯಾರೂ ನೋಡುವುದಿಲ್ಲ. ಅದು ಅವಳ ಕೆಲಸದ ಮೊದಲ ಪಾಠ.

ಆ ವಾರವೇ ಹುಡುಗಿಯ ಅಜ್ಜಿಯಿಂದ, ಅಂದರೆ ತೀರಿಹೋದ ತಾಯಿಯ ತಾಯಿಯಿಂದ, ಫೋನು ಬಂದಿತ್ತು. ಹಬ್ಬದ ಹಿಂದಿನ ದಿನ ಬಂದು ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅವಳಿಗೆ ಮನಸ್ಸಿದ್ದರೆ ರಜೆ ಮುಗಿದ ಮೇಲೆ ನಮ್ಮ ಕಡೆಯ ಶಾಲೆಗೇ ಸೇರಿಸೋಣ ಎಂದಿದ್ದರು. ಬಸ್ಸು ಓಡಿಸುವ ಗಂಡ ಇಂಥ ಮಾತುಗಳಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇರುವ ಮನುಷ್ಯ. ಮಗಳು ಹೇಗೆ ಹೇಳುತ್ತಾಳೋ ಹಾಗೆ ಎಂದು ಕೈತೊಳೆದುಕೊಂಡಿದ್ದ. ಹುಡುಗಿ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಹೋಗಿಬಿಟ್ಟರೆ ಈ ಮನೆಯಲ್ಲಿ ತಾನು ಒಂದು ಮಗುವನ್ನು ಎಬ್ಬಿಸಿ ಕಳಿಸಿದವಳಾಗಿ ಉಳಿಯುತ್ತೇನೆ ಎಂಬ ಭಯ ಗುಂಡುಸೂಜಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಹುಡುಗಿ ಹೋಗುವುದು ಅವಳಿಗೆ ಬೇಕಿರಲಿಲ್ಲ. ಬ್ರೆಡ್ಡಿನ ಅಂಚುಗಳನ್ನು ಸಾಲಾಗಿ ಜೋಡಿಸುವ ಆ ಕೈಗಳ ಮೇಲೆ ಅವಳಿಗೆ ಆಗಲೇ ಪ್ರೀತಿ ಬಂದುಬಿಟ್ಟಿತ್ತು.

ಕೊನೆಗೆ ಅವಳು ಬಿಳಿಯನ್ನೇ ಆರಿಸಿದಳು. ಬಹಳ ಯೋಚಿಸಿಯೇ ಆರಿಸಿದ್ದು. ಕೆಂಪು, ತೀರಿಹೋದವಳ ಬಣ್ಣ. ಬೀರುವಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವಳು ಕೈಯಾರೆ ಮಾಡಿದ ಅಲಂಕಾರಗಳೆಲ್ಲ ಇವೆ ಎಂದು ಗಂಡ ಒಮ್ಮೆ ಹೇಳಿದ್ದ. ಅದನ್ನು ಮುಟ್ಟುವುದು ತಪ್ಪು, ಮುಟ್ಟದೆ ಅದೇ ಥರ ಹೊಸದು ತರುವುದು ಇನ್ನೂ ದೊಡ್ಡ ತಪ್ಪು. ಯಾರ ನೆನಪಿಗೂ ಕೈ ಹಾಕದ ಬಣ್ಣವೆಂದರೆ ಬಿಳಿಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬೀದಿಯ ಕಡೆಯ ದೊಡ್ಡ ಕಿಟಕಿಯಲ್ಲಿ ಮರ ನಿಂತಿತು. ಹಿಮ ಕೂತಂತೆ ಹತ್ತಿ, ಬೆಳ್ಳಿಯ ಗುಂಡುಗಳು, ಎಲ್ಲಿಂದ ಬಂತೆಂದು ಗೊತ್ತಾಗದ ಬೆಳಕು. ದಾರಿಹೋಕರು ನಿಂತು ನೋಡತೊಡಗಿದರು. ಎದುರುಮನೆಯ ದರ್ಜಿಯಂತೂ ಹೆಂಡತಿಯನ್ನು ಕರೆದು ತೋರಿಸಿ, ತಮ್ಮ ಮನೆಯ ಮರ ಇದರ ಮುಂದೆ ಪೊರಕೆ ಎಂದು ಹೇಳಿ ಅವಳಿಂದ ಬೈಸಿಕೊಂಡ. ದಿನಾ ಕೆಲಸ ಮುಗಿಸಿ ಬರುವಾಗ ಗುಂಡುಸೂಜಿ ಎದುರಿನ ಕಾಲುದಾರಿಯಲ್ಲಿ ನಿಂತು, ತಲೆ ಓರೆ ಮಾಡಿ, ಅಂಗಡಿಯ ಕಿಟಕಿಯನ್ನು ಒರೆಗೆ ಹಚ್ಚುವಂತೆಯೇ ಮನೆಯ ಕಿಟಕಿಯನ್ನೂ ನೋಡುತ್ತಿದ್ದಳು. ಎರಡು ಸಲ ಮರ ಒಂದಿಷ್ಟು ಹಿಂದಕ್ಕೆ ವಾಲಿದಂತೆ ಕಂಡಿತು. ಒಳಗೆ ಬಂದು ಕಿಟಕಿಯ ಬದಿಯಿಂದಲೇ ಕೈ ಚಾಚಿ ಬುಡಕ್ಕೆ ರಟ್ಟು ಮಡಿಸಿ ಕೊಟ್ಟಳು. ಮತ್ತೆ ವಾಲಿತು. ಈ ವರ್ಷದ ಮರಗಳೇ ಸರಿಯಿಲ್ಲ ಎಂದುಕೊಂಡಳು.

ಅವಳ ಕೈ ಮಾಡಿದ ತಪ್ಪು ಅವಳ ತಲೆಗೆ ಹೊಳೆದಿರಲೇ ಇಲ್ಲ. ಅಂಗಡಿಯ ಕಿಟಕಿಗೆ ಹಿನ್ನೆಲೆಯಾಗಿ ಬಟ್ಟೆ ಕಟ್ಟುವುದು ರೂಢಿ. ತಂತಿ, ಟೇಪು, ಪ್ಲಗ್ಗು ಎಲ್ಲ ಅದರ ಮರೆಯಲ್ಲಿ. ಮನೆಯಲ್ಲೂ ಮರದ ಹಿಂದೆ ಸೂರಿನಿಂದ ನೆಲದವರೆಗೆ ದಪ್ಪ ಬಿಳಿಬಟ್ಟೆ ಬಿಗಿದಿದ್ದಳು. ಬೀದಿಗೆ ಹಬ್ಬ ಬಂದಿತ್ತು. ಒಳಗೆ ಕೂತವರಿಗೆ ಕಾಣುತ್ತಿದ್ದುದು ಆಸ್ಪತ್ರೆಯ ಪರದೆಯಂಥ ಒಂದು ಬಟ್ಟೆ. ಗಂಡ ಒಂದು ಸಂಜೆ ಚಹಾ ಕುಡಿಯುತ್ತಾ, “ನಮ್ಮನೆ ಮರ ನೋಡ್ಬೇಕು ಅಂದ್ರೆ ಚಪ್ಪಲಿ ಹಾಕ್ಕೊಂಡು ಹೊರಡ್ಬೇಕು ನೋಡು,” ಎಂದು ನಕ್ಕ. ಅವಳೂ ನಕ್ಕಳು. ಹುಡುಗಿ ಮಾತ್ರ ನಗಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. ಅಜ್ಜಿ ಮಧ್ಯಾಹ್ನ ಬರುವವರಿದ್ದರು. ಗಂಡ ಬಸ್ಸಿನ ಮೇಲಿದ್ದ, ಹುಡುಗಿ ಬೇಕರಿಗೆ ಹೋಗಿದ್ದಳು. ಸೋಫಾ ಒರೆಸುತ್ತಿದ್ದ ಗುಂಡುಸೂಜಿ ಅಜ್ಜಿ ಕೂರುವ ಜಾಗದಲ್ಲಿ ತಾನೇ ಕೂತು ನೋಡಿದಳು. ಬಟ್ಟೆ. ಬರೀ ಬಟ್ಟೆ. ಮನೆಯವರಿಗೆ ಬೆನ್ನು ತಿರುಗಿಸಿ ಬೀದಿಯವರಿಗೆ ಹಬ್ಬ ಮಾಡಿದ್ದೆ ಎಂದು ಆಗ ತಿಳಿದು ಅವಳ ಮುಖ ಬೆಚ್ಚಗಾಯಿತು. ಅಜ್ಜಿ ಬರುವಷ್ಟರಲ್ಲಿ ಹಿಂಬದಿಯನ್ನೂ ಸಿಂಗರಿಸಿಬಿಡೋಣ ಎಂದು ಸ್ಟೂಲು ಹತ್ತಿ ಸೂಜಿಗಳನ್ನು ಕಿತ್ತಳು. ಬಟ್ಟೆ ಬಿತ್ತು.

ಮರದ ಬೆನ್ನು ಖಾಲಿಯಿರಲಿಲ್ಲ.

ಕೆಂಪು ಕಾಗದದ ನಕ್ಷತ್ರಗಳು, ಮಡಿಕೆಯ ಗೆರೆಗಳು ಹಾಗೇ ಇದ್ದವು. ಒಂದು ಕಿವಿ ಹೋದ ಹತ್ತಿಯ ಕುರಿಮರಿ. ಮರದ ಚಮಚಕ್ಕೆ ಕಣ್ಣು ಮೂಗು ಬರೆದು ಮಾಡಿದ ದೇವದೂತ. ತಟ್ಟಿ ಚಪ್ಪಟೆ ಮಾಡಿದ ಬಾಟಲಿ ಮುಚ್ಚಳಗಳ ಸರ. ಒಂದು ರೆಂಬೆಗೆ ಐದಾರು, ಪಕ್ಕದ್ದಕ್ಕೆ ಒಂದೂ ಇಲ್ಲ. ಹುಡುಗಿಯ ಕೈ ಎಟುಕುವ ಎತ್ತರಕ್ಕೆ ಎಲ್ಲ ನಿಂತಿತ್ತು. ನೆಲದ ಮೇಲೆ ಅವಳ ದಿಂಬು, ಒಣಗಿದ ಕಿತ್ತಳೆ ಸಿಪ್ಪೆ, ತಲೆಗೆ ಹಾಕುವ ರಬ್ಬರು, ಖಾಲಿಯಾದ ಆ ರಟ್ಟಿನ ಪೆಟ್ಟಿಗೆ. ಇಷ್ಟು ದಿನವೂ ಶಾಲೆಯಿಂದ ಬಂದವಳು ಬಟ್ಟೆಯ ಕೆಳತುದಿ ಎತ್ತಿಕೊಂಡು ಒಳಗೆ ನುಗ್ಗಿ ಕೂರುತ್ತಿದ್ದಳು. ಮರ ವಾಲಿದ್ದು ಯಾಕೆಂದು ಈಗ ಗೊತ್ತಾಯಿತು.

ಮೊದಲು ಅವಳಿಗೆ ಅನಿಸಿದ್ದು ಹೇಳಿಕೊಳ್ಳುವಂಥದ್ದಲ್ಲ. ಹೊಟ್ಟೆಕಿಚ್ಚಾಯಿತು, ಸತ್ತವಳ ಮೇಲೆ. ತನ್ನ ಕೈಯಿಂದ ಎದ್ದ ಮರದಲ್ಲೇ ತಾನಿಲ್ಲದ ಒಂದು ಕೋಣೆ ಎದ್ದಿತ್ತು. ಆಮೇಲೆ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಬಟ್ಟೆಯನ್ನು ಮತ್ತೆ ಕಟ್ಟದೆ ಹೀಗೇ ಬಿಟ್ಟರೆ ಅಜ್ಜಿ ಬಂದು ಕೂತು ಇದೆಲ್ಲ ನೋಡುತ್ತಾರೆ, ತಮ್ಮ ಮಗಳ ಕೈಕೆಲಸ ಗುರುತಿಸುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಎಂಥ ದೊಡ್ಡ ಮನಸ್ಸಿನವಳು ಈ ಹೊಸಬಳು ಎಂದುಕೊಳ್ಳುತ್ತಾರೆ. ಏನೂ ಹೇಳದೆ ಸುಮ್ಮನಿದ್ದರೂ ಸಾಕಿತ್ತು, ಹೊಗಳಿಕೆ ತಾನಾಗಿ ಮಡಿಲಿಗೆ ಬೀಳುತ್ತಿತ್ತು.

ಸ್ಟೂಲಿನ ಮೇಲೆ ಕೂತು ಆ ದಿಂಬನ್ನು ನೋಡಿದಳು. ನಡುವೆ ಕೂತು ಕೂತು ತಗ್ಗಾಗಿತ್ತು.

ಬೇಡ ಎಂದುಕೊಂಡು ಎದ್ದಳು. ದಾರ ಹರಿದು ತಗಡಿನ ಹಕ್ಕಿಯೊಂದು ಕೆಳಗೆ ಬಿದ್ದಿತ್ತು. ಅದನ್ನು ಹಾಗೇ ಬಿಡುವುದು ಅವಳ ಕೈಗೆ ಆಗದ ಕೆಲಸ. ಜೇಬಿನಿಂದ ಕೂದಲೆಳೆಯಂಥ ತಂತಿ ತೆಗೆದು, ಕೊಕ್ಕೆ ಸುತ್ತಿ, ದಾರದ ತುಂಡು ಉಳಿದಿದ್ದ ರೆಂಬೆಗೇ ಹಕ್ಕಿಯನ್ನು ತೂಗುಹಾಕಿದಳು. ಬೇರೆ ಏನನ್ನೂ ಮುಟ್ಟಲಿಲ್ಲ. ಬಟ್ಟೆಯನ್ನು ಮತ್ತೆ ಮೇಲಕ್ಕೇರಿಸಿ ಬಿಗಿದಳು. ಹುಡುಗಿ ನುಸುಳುತ್ತಿದ್ದ ಎಡಗಡೆಯ ಕೆಳಮೂಲೆಗೆ ಮೊದಲು ಸೂಜಿಯಿರಲಿಲ್ಲ, ಈಗಲೂ ಹಾಕಲಿಲ್ಲ.

ಅಜ್ಜಿ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದವರು. ಯಾರ ಮನೆಗೆ ಹೋದರೂ ವಾರ್ಡಿಗೆ ಬಂದಂತೆ ಒಮ್ಮೆ ಸುತ್ತ ಕಣ್ಣಾಡಿಸುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಚಹಾ ಚೆನ್ನಾಗಿದೆ ಎಂದರು, ಮೊಮ್ಮಗಳು ಸೊರಗಿಲ್ಲ ಎಂದು ಒಪ್ಪಿಕೊಂಡರು. ಹುಡುಗಿಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಯಾರು ಯಾವಾಗ ಅದನ್ನು ತಂದಿಟ್ಟರೋ, ಗುಂಡುಸೂಜಿ ಅದನ್ನು ನೋಡದಿರಲು ಶತಪ್ರಯತ್ನ ಮಾಡುತ್ತಿದ್ದಳು.

“ಬರ್ತಾ ಕಿಟಕೀಲಿ ಮರ ನೋಡ್ದೆ,” ಎಂದರು ಅಜ್ಜಿ. “ಒಳಗೆ ಬಂದ್ರೆ ಬಟ್ಟೆ ಕಾಣುತ್ತೆ. ಇದೇನಮ್ಮ, ಹಬ್ಬ ಬೀದಿಯವರಿಗಾ?”

“ಅಂಗಡಿ ಅಭ್ಯಾಸ ಅಮ್ಮ. ಮಾಡಿದ್ಮೇಲೆ ಗೊತ್ತಾಯ್ತು.”

“ತೆಗೆದುಬಿಡು ಮತ್ತೆ. ಹಿಂದಿನಿಂದಾದ್ರೂ ಮರ ಮರಾನೇ.”

ಕಪ್ಪು ಹಿಡಿದಿದ್ದ ಹುಡುಗಿಯ ಕೈ ಅಲ್ಲಾಡದೆ ನಿಂತಿತು. ಮುಖದ ಬಣ್ಣ ಇಳಿದಿತ್ತು. ಗುಂಡುಸೂಜಿ ಅವಳ ಕಡೆ ನೋಡಲಿಲ್ಲ. ನೋಡಿದರೆ ಎಲ್ಲ ಬಯಲಾಗುತ್ತಿತ್ತು.

“ಬೇಡಮ್ಮ,” ಎಂದಳು. “ಹಿಂದೆ ಬರೀ ತಂತಿ, ಟೇಪು. ನನ್ನ ಕೆಲಸದ ಹಿಂಬದಿ ನೋಡೋ ಹಾಗಿರಲ್ಲ.”

ಅಜ್ಜಿ ಕಪ್ಪನ್ನು ತಟ್ಟೆಯ ಮೇಲಿಟ್ಟರು. ತಮ್ಮ ಮಗಳಿದ್ದಾಗ ಈ ಮನೆಯಲ್ಲಿ ಎಂದು ಏನೋ ಹೇಳಲು ಹೋಗಿ ತಡೆದುಕೊಂಡರು. ಒಳ್ಳೆಯ ಮನುಷ್ಯರೇ, ಆದರೆ ತೀರ್ಪು ಕೊಟ್ಟಾಗಿತ್ತು. ಎದ್ದು ಶಾಲು ಹೊದ್ದು, ಚೀಲವನ್ನು ಕೈಗೆತ್ತಿಕೊಂಡರು.

“ಹೋಗಮ್ಮ, ನಿಮ್ಮಮ್ಮನ ಪೆಟ್ಟಿಗೆ ತಗೊಂಡ್ಬಾ. ನಮ್ಮನೇಲಿ ಎಲ್ಲರೂ ನೋಡೋ ಹಾಗೆ ಕಟ್ಟೋಣ.”

ಹುಡುಗಿ ಎದ್ದಳು. ಬೀರುವಿದ್ದ ಕೋಣೆಯ ಕಡೆ ಹೋಗಲಿಲ್ಲ. ನೇರವಾಗಿ ಹೋಗಿ ಬಟ್ಟೆಯ ಎಡಮೂಲೆ ಎತ್ತಿ ಒಳಗೆ ನುಸುಳಿದಳು. ಅಜ್ಜಿ ಹುಬ್ಬೇರಿಸಿ ಗುಂಡುಸೂಜಿಯ ಮುಖ ನೋಡಿದರು. ಬಟ್ಟೆಯಾಚೆ ಕಾಗದ ಸರಸರ ಎಂದಿತು, ತಗಡು ತಗಡಿಗೆ ತಾಕಿತು. ಒಂದೊಂದಾಗಿ ಇಳಿಸುತ್ತಿದ್ದಾಳೆ ಎಂದು ಗುಂಡುಸೂಜಿಗೆ ಅನಿಸಿತು. ಇಳಿಸಿ ಮುಗಿದ ಮೇಲೆ ಆ ಪೆಟ್ಟಿಗೆಯನ್ನು ಅಜ್ಜಿಯ ಕಾರಿನವರೆಗೆ ತಾನೇ ಹೊತ್ತುಕೊಂಡು ಹೋಗಬೇಕು, ನಗುನಗುತ್ತಾ ಕೈಬೀಸಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳತೊಡಗಿದಳು.

ಸದ್ದು ನಿಂತಿತು.

ಆಮೇಲೆ ಬಟ್ಟೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಅಂಗೈ ಮೇಲಾಗಿತ್ತು.

“ಹಕ್ಕಿಗೆ ಸುತ್ತಿದ ಆ ಸಣ್ಣ ತಂತಿ ಇನ್ನೂ ಇದ್ಯಾ?” ಎಂದಿತು ಒಳಗಿನ ದನಿ. “ಕುರಿಮರಿ ದಾರಾನೂ ಹರಿಯೋ ಹಾಗಿದೆ.”

ಗುಂಡುಸೂಜಿ ನೆಲಕ್ಕೆ ಮಂಡಿಯೂರಿ ಜೇಬು ತಡಕಿದಳು. ಸುರುಳಿ ಸಿಕ್ಕಿತು, ತುದಿ ಸಿಗಲಿಲ್ಲ. ಕತ್ತರಿಸುವ ಗೋಜಿಗೆ ಹೋಗದೆ ಇಡೀ ಸುರುಳಿಯನ್ನೇ ಆ ಅಂಗೈಯಲ್ಲಿಟ್ಟಳು. ಬೆರಳುಗಳು ಮುಚ್ಚಿಕೊಂಡು ಒಳಗೆ ಹೋದವು.

ಅಜ್ಜಿ ಸೋಫಾದ ಅಂಚಿಗೆ ಕೂತು, ಚೀಲವನ್ನು ಮೊದಲು ತೊಡೆಯ ಮೇಲೆ, ಆಮೇಲೆ ಕಾಲ ಬಳಿ ನೆಲಕ್ಕೆ ಇಳಿಸಿದರು. ಬಟ್ಟೆಯಾಚೆ ರೆಂಬೆಯೊಂದು ಅಲ್ಲಾಡಿತು. ಮರ ಇನ್ನೊಂದಿಷ್ಟು ಹಿಂದಕ್ಕೆ ವಾಲಿರಬೇಕು, ನಯವಾಗಿ ಬಿಗಿದಿದ್ದ ಬಿಳಿಬಟ್ಟೆ ನಡುವೆ ಕೋಣೆಯ ಕಡೆಗೆ ಉಬ್ಬಿತು. ಮಂಡಿಯೂರಿದ್ದಲ್ಲೇ ಗುಂಡುಸೂಜಿ ಅದನ್ನು ನೋಡಿದಳು. ಸರಿಮಾಡಲು ಏಳಲಿಲ್ಲ.