ಧೂಳು ಇಳಿಯುವವರೆಗೆ

ಮನುಷ್ಯರ ಗತಿಯೇನು ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ? ಚಿತ್ರಮಂದಿರದ ದೀಪಗಳು ಆರಿದೊಡನೆ ಪರದೆಯ ಮೇಲೆ ಒಂದು ವಾಕ್ಯ ಮೂಡುತ್ತದೆ, ಈ ಚಿತ್ರದ ತಯಾರಿಕೆಯಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ ಎಂದು. ಅದನ್ನು ಓದಿ ಸಮಾಧಾನದಿಂದ ಕುರ್ಚಿಗೆ ಒರಗಿದವರು ನಾವೆಲ್ಲರೂ. ಆ ಸಮಾಧಾನ ಯಾರ ಬೆನ್ನಿನ ಮೇಲೆ ನಿಂತಿದೆಯೆಂದು ತಿಳಿಯಬೇಕಾದರೆ ಈ ಮನೆಯೊಳಕ್ಕೆ ಬರಬೇಕು.

ಟೈಲರ್ ತನ್ನ ಹೆಂಡತಿಯ ನೀಲಿ ನಿಲುವಂಗಿಯ ಪಕ್ಕಗಳನ್ನು ಒಳಕ್ಕೆ ಹಿಡಿದು ಹೊಲಿಯುತ್ತಿದ್ದ. ಒಂದು ಕಾಲಕ್ಕೆ ಅದು ಅವಳ ಮೈಗೆ ಎರಕ ಹೊಯ್ದಂತೆ ಕೂರುತ್ತಿತ್ತು. ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಅವಳು ಅರ್ಧಕ್ಕಿಳಿದಿದ್ದಳು. ಬೆಳಿಗ್ಗೆ ಹೆಂಗಸರು ಕಡೆಯ ಸ್ನಾನ ಮಾಡಿಸಿ ತೊಡಿಸಿ ನೋಡಿದಾಗ ಅಂಗಿಯೊಳಗೆ ಅವಳೇ ಕಾಣದಾದಳು. ‘ಹೋಗ್ಲಿ ಬಿಡಪ್ಪ, ಇನ್ನು ಯಾರು ನೋಡ್ತಾರೆ’ ಎಂದು ನೆರೆಮನೆಯ ಅಜ್ಜಿ ಅಂದಾಗ ಅವನು ಅಂಗಿಯನ್ನು ಇಸಿದುಕೊಂಡು ಒಳಕೋಣೆಗೆ ಬಂದಿದ್ದ. ದುಡಿದಷ್ಟು ವರ್ಷವೂ ಅವಳು ತೊಟ್ಟದ್ದು ಬೇರೊಬ್ಬಳ ಅಳತೆಯ ಬಟ್ಟೆ. ಕಡೆಯದಾದರೂ ಅವಳ ಅಳತೆಗಿರಲಿ ಎಂಬುದು ಅವನ ಹಟ.

ಅವಳು ಸಿನಿಮಾ ನಾಯಕಿಯರ ಡೂಪ್. ಮಹಡಿಯ ಅಂಚಿಗೆ ಬಂದು ಕಣ್ಣೀರು ಹಾಕುವವರೆಗೆ ನಾಯಕಿ. ಅಲ್ಲಿಂದ ಕೆಳಕ್ಕೆ ಇವಳು. ಎಲ್ಲಿಂದ ದೂಡಿದರೂ ಪೆಟ್ಟಾಗದೆ ನೆಲ ಮುಟ್ಟುತ್ತಾಳೆಂದು ಸ್ಟಂಟ್ ಮಾಸ್ಟರ್ ‘ಬೆಕ್ಕು’ ಎಂದು ಕರೆದರು. ಅದೇ ಹೆಸರಾಗಿ ಉಳಿದು ಕಿರಿಯರಿಗೆ ಬೆಕ್ಕಕ್ಕನಾದಳು. ಟೈಲರ್ ಕಾಸ್ಟ್ಯೂಮ್ ವಿಭಾಗದವನು. ಅವಳ ಮೊಣಕಾಲು, ಸೊಂಟ, ಬೆನ್ನುಗಳಿಗೆ ಉಡುಪಿನೊಳಗೆ ಹೊರಗೆ ಕಾಣದಂತೆ ಮೆತ್ತೆ ಕೂಡಿಸಿ ಹೊಲಿಯುವುದು ಅವನ ಕೆಲಸ. ಪ್ರೀತಿ ಹುಟ್ಟಿದ್ದೂ ಆ ಅಳತೆಪಟ್ಟಿಯ ಆಸುಪಾಸಿನಲ್ಲೇ. ಬೇರೆ ಗಂಡಂದಿರು ಹೆಂಡತಿಗೆ ಒಡವೆ ಹಾಕುತ್ತಾರೆ, ನನ್ನ ಗಂಡ ಹತ್ತಿ ತುಂಬುತ್ತಾನೆ ಎಂದು ಅವಳು ಸೆಟ್‌ನವರನ್ನೆಲ್ಲ ನಗಿಸುತ್ತಿದ್ದಳು.

ಹೊರಗಿನ ಕೋಣೆಯಿಂದ ಈಗಲೂ ಒಂದು ನಗೆ ಕೇಳಿಬಂತು. ಸತ್ತ ಮನೆಯ ನಗೆ, ಹುಟ್ಟುತ್ತಲೇ ನಾಚಿ ಅಡಗುವಂಥದು. ಲೈಟ್‌ನವನೊಬ್ಬ ಇರುವೆಯ ಕತೆ ಹೇಳುತ್ತಿದ್ದ. ಬಿದ್ದು ಸತ್ತವಳ ಪಾತ್ರ. ಬೆಕ್ಕಕ್ಕ ನೆಲದ ಮೇಲೆ ಮಲಗಿದ್ದಾಳೆ. ಇರುವೆಯೊಂದು ಕೆನ್ನೆ ಹತ್ತಿ, ಕಣ್ಣೆವೆ ದಾಟಿ, ಮೂಗಿನ ಹೊಳ್ಳೆಯೊಳಗೆ ಇಣುಕಿ, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿ ಹಿಂದಿರುಗಿತಂತೆ. ಅವಳು ರೆಪ್ಪೆ ಅಲುಗಿಸಲಿಲ್ಲ. ಅವರ ಕಸುಬಿನ ಮೊದಲ ಪಾಠವೇ ಅದು. ಮೈ ನೆಲಕ್ಕೆ ಬಡಿದಾಗ ಬೀಳುವುದು ಮುಗಿಯುವುದಿಲ್ಲ. ನಿರ್ದೇಶಕ ‘ಕಟ್’ ಎನ್ನಬೇಕು, ಮಾಸ್ಟರ್ ಬಂದು ಭುಜದ ಕೆಳಗೆ ಕೈಕೊಟ್ಟು ‘ಏಳಮ್ಮ’ ಎನ್ನಬೇಕು, ಆಗ ಮುಗಿಯುವುದು. ಅಲ್ಲಿಯವರೆಗೆ ಬಿದ್ದವಳು ಬೆರಳು ಅಲುಗಿಸಕೂಡದು, ನಿಂತವರು ಹತ್ತಿರ ಸುಳಿಯಕೂಡದು.

ಮಗಳು ಬಾಗಿಲಲ್ಲಿ ಬಂದು ನಿಂತಳು. ಅತ್ತು ಅತ್ತು ಅವಳ ಮುಖ ಊದಿತ್ತು.

‘ಅಪ್ಪ, ಪ್ರೊಡಕ್ಷನ್ ಮ್ಯಾನೇಜರ್ ಬಂದಿದಾರೆ.’

‘ಕೂರೋಕೆ ಹೇಳು.’

‘ದೊಡ್ಡ ಹೂವಿನ ಚಕ್ರ ತಂದಿದಾರೆ. ನಮ್ಮ ಬಾಗಿಲಲ್ಲಿ ಹಿಡಿಸ್ತಿಲ್ಲ. ಅಡ್ಡ ಮಾಡಿ ನೋಡಿದ್ರು, ಓರೆ ಮಾಡಿ ನೋಡಿದ್ರು.’ ಅವಳ ತುಟಿ ನಗಲೋ ಅಳಲೋ ಎಂದು ಕೊಂಕಿತು. ‘ಅಮ್ಮ ಇದ್ದಿದ್ರೆ ಏನಂತಿದ್ಳೋ.’

ಮ್ಯಾನೇಜರ್ ಚಕ್ರವನ್ನು ಗೋಡೆಗೆ ಒರಗಿಸಿ ತಾನೇ ಒಳಕೋಣೆಗೆ ಬಂದ. ಅವನ ದನಿ ಮೃದು. ಕೆಡುಕಿನ ಕೆಲಸಗಳಿಗೆ ಇಂಥ ದನಿಯವರನ್ನೇ ಕಳಿಸುತ್ತಾರೆ. ಆದದ್ದು ಆಗಿಹೋಯಿತೆಂದು ಮೊದಲು ಮರುಗಿದ. ಅವಳು ಕಡೆಯದಾಗಿ ದುಡಿದ ಚಿತ್ರಕ್ಕೆ ಸೆನ್ಸಾರ್ ಆಗಿದೆ, ಈ ವಾರವೇ ಬಿಡುಗಡೆ ಎಂದ. ಮಂಡಳಿಯವರು ಒಂದು ಮುತ್ತನ್ನು ಮೊಟಕು ಮಾಡಿಸಿದ್ದರು, ಒಂದು ಬೈಗುಳವನ್ನು ಅಳಿಸಿದ್ದರು, ಕುದುರೆಗೆ ನೋವಾಗಿಲ್ಲವೆಂಬುದಕ್ಕೆ ವೈದ್ಯರ ಪತ್ರವನ್ನು ಕೇಳಿ ಪಡೆದಿದ್ದರು. ಕುದುರೆಯಿಂದ ಬಿದ್ದ ಹೆಂಗಸಿನ ವಿಷಯ ಅವರು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಯಾರೂ ವಿಧಿಸಿರಲಿಲ್ಲ. ಆದರೆ ಈಗ ಯಾರೋ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾರೆ, ಅಧಿಕಾರಿ ಇತ್ತಲೇ ಬರುತ್ತಿದ್ದಾರೆ. ಆಸ್ಪತ್ರೆಗೆ ಸೇರಿಸುವಾಗ ಹೇಳಿದ್ದನ್ನೇ ಹೇಳಿದರೆ ಸಾಕು: ಮನೆಯ ಮೆಟ್ಟಿಲಿಂದ ಬಿದ್ದಳು, ಮಲಗಿದಲ್ಲೇ ಇದ್ದು ಶ್ವಾಸಕೋಶ ಕೆಟ್ಟು ತೀರಿಕೊಂಡಳು.

‘ಪ್ರೊಡ್ಯೂಸರ್ ಒಪ್ಪಿದಾರೆ, ಟೈಲರ್ರೇ. ಪಿಕ್ಚರ್ ಶುರುವಾಗೋ ಮುಂಚೆ ನಿಮ್ಮ ಮನೆಯವರ ಫೋಟೋ, ಕೆಳಗೆ ಹೆಸರು. ಬೆಕ್ಕು ಅಂತಲ್ಲ, ಪೂರ್ತಿ ಹೆಸರು. ಯಾವ ಡೂಪ್‌ಗೆ ಸಿಕ್ಕಿದೆ ಹೇಳಿ.’

ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ನಿಂತಿತು. ಅವಳು ಮಾಡಿದ ಪ್ರತಿಯೊಂದು ಚಿತ್ರವನ್ನೂ ಅವರಿಬ್ಬರೂ ಟಿಕೆಟ್ ತೆಗೆದು ನೋಡಿದ್ದರು. ಜನವೆಲ್ಲ ಎದ್ದು ಹೋದರೂ, ಕಸ ಗುಡಿಸುವವನು ಬಂದು ಗೊಣಗಿದರೂ, ಕೊನೆಯ ಹೆಸರು ಮೇಲೇರಿ ಮರೆಯಾಗುವವರೆಗೆ ಅವಳು ಏಳುತ್ತಿರಲಿಲ್ಲ. ಡ್ರೈವರನ ಹೆಸರು ಬಂತು, ನಿಮ್ಮ ಹೆಸರೂ ಬಂತು, ಕುದುರೆ ಸಾಕಿದವನ ಹೆಸರು ಬಂತು ಎಂದು ಒಂದೊಂದನ್ನೂ ಓದಿ ಹೇಳುತ್ತಿದ್ದಳು. ಅವಳದು ಬರುವಂತೆಯೇ ಇರಲಿಲ್ಲ. ನಾಯಕಿಯೇ ಬಿದ್ದಳೆಂದು ಪತ್ರಿಕೆಗಳಿಗೆ ಹೇಳಿದ ಮೇಲೆ ಬಿದ್ದವಳ ಹೆಸರನ್ನು ಹಾಕುವುದು ಎಲ್ಲಿ?

‘ಇಲ್ಲಾಂದ್ರೆ ಪಿಕ್ಚರ್ ನಿಲ್ಲುತ್ತೆ,’ ಎಂದ ಮ್ಯಾನೇಜರ್. ‘ಹೊರಗೆ ಕೂತಿದಾರಲ್ಲ, ಅವರೆಲ್ಲ ನಾಳೆ ಯಾರ ಬಾಗಿಲಿಗೆ ಹೋಗ್ಬೇಕು? ಅದನ್ನೂ ಒಂಚೂರು ಯೋಚನೆ ಮಾಡಿ.’

ಅವನು ಹೋದ ಮೇಲೆ ಟೈಲರ್ ಹೊಲಿಗೆಯನ್ನು ಮುಗಿಸಿ ದಾರವನ್ನು ಹಲ್ಲಿನಿಂದ ಕಡಿದ. ಕಪಾಟಿನ ಕೆಳಗಿನ ಅರೆಯಲ್ಲಿ ಬೂದುಬಣ್ಣದ ಒಂದು ಮೆತ್ತೆ ಇತ್ತು. ಬೆನ್ನಿನ ಮೆತ್ತೆ. ಅದನ್ನೇ ನೋಡುತ್ತ ಕುಳಿತ.

*

ಅವಳು ಬಿದ್ದ ದಿನ ಅದು ಅವನ ಮಡಿಲಲ್ಲಿತ್ತು.

ಒಣಗಿದ ಇಳಿಜಾರು. ನಾಯಕಿ ಕುದುರೆಯ ಮೇಲಿಂದ ಉರುಳಿ ಬೀಳಬೇಕು. ತೆಳುವಾದ ಬಿಳಿ ಉಡುಪು; ಬೆನ್ನಿನ ಮೆತ್ತೆ ಗೂನಿನಂತೆ ಕಾಣುತ್ತದೆಂದು ಕ್ಯಾಮೆರಾದವನು ತಕರಾರು ತೆಗೆದ. ಹಾಗಾದರೆ ಬೇರೆ ಬಟ್ಟೆ ಹಾಕಿಸಿ ಎಂದು ಟೈಲರ್ ಹೇಳಿನೋಡಿದ. ಆದರೆ ಆ ಬಿಳಿ ಉಡುಪಿನಲ್ಲೇ ನಾಯಕಿಯ ಹಾಡು ಆಗಲೇ ಚಿತ್ರೀಕರಣವಾಗಿತ್ತು. ವಾದ ಬೆಳೆಯುತ್ತಿದ್ದಂತೆ ಅವಳೇ ಮೆತ್ತೆಯನ್ನು ಕಿತ್ತು ಅವನತ್ತ ಎಸೆದಳು.

‘ಹಿಡ್ಕೊಳ್ರೀ. ಬಿಸಿಲಲ್ಲಿ ಕಲ್ಲು ಕಾದಿರುತ್ತೆ, ಇದರ ಮೇಲೆ ಕೂತು ನೋಡಿ.’

ಅವನು ಅದರ ಮೇಲೆ ಕೂರಲಿಲ್ಲ, ತೊಡೆಯ ಮೇಲಿಟ್ಟುಕೊಂಡ. ಒಂದು ಟೇಕ್ ಆಯಿತು, ಮತ್ತೊಂದು ಆಯಿತು. ಕುದುರೆಯ ಬಾಯಲ್ಲಿ ನೊರೆ ಕಂಡು, ನಿಯಮದಂತೆ ನೇಮಕವಾಗಿದ್ದ ಪಶುವೈದ್ಯ ಕೈಯೆತ್ತಿದ. ಅದಕ್ಕೆ ದಣಿವಾಗಿದೆ, ಇನ್ನು ಓಡಿಸುವಂತಿಲ್ಲ ಎಂದ. ಯಾರೂ ಎದುರಾಡಲಿಲ್ಲ. ಅದನ್ನು ನೆರಳಿಗೆ ಕೊಂಡೊಯ್ದು ನೀರು ಕುಡಿಸಿ, ಅದೇ ಬಣ್ಣದ ಇನ್ನೊಂದು ಕುದುರೆಯನ್ನು ತಂದರು. ಕುದುರೆ ಬದಲಾಯಿತು, ಅವಳು ಬದಲಾಗಲಿಲ್ಲ. ಅವಳ ಬಾಯನ್ನು ನೋಡಲು ನೇಮಕವಾದ ವೈದ್ಯ ಯಾರೂ ಅಲ್ಲಿರಲಿಲ್ಲ. ಬೀಳುವ ಕೆಲಸವಿದ್ದಲ್ಲಿ ವೈದ್ಯನಿರಬೇಕೆಂದು ಕಾನೂನಿನ ಯಾವುದೋ ಪುಟದಲ್ಲಿ ಇದ್ದಿರಲೂಬಹುದು. ಕೇಳುವವರಿಲ್ಲದ ಕಾನೂನು ಇದ್ದರೆಷ್ಟು, ಬಿಟ್ಟರೆಷ್ಟು.

ಹೊಸ ಕುದುರೆ ಅವಳಿಗೆ ಹೊಸದು, ಅವಳೂ ಅದಕ್ಕೆ ಹೊಸಬಳು. ಅದು ಗಕ್ಕನೆ ತಿರುಗಿತು. ಅವಳು ಬೆನ್ನಡಿಯಾಗಿ ಕಲ್ಲಿನ ಅಂಚಿಗೆ ಬಡಿದು, ಉರುಳಿ, ಇಳಿಜಾರಿನ ಬುಡದಲ್ಲಿ ಬೋರಲಾಗಿ ಬಿದ್ದಳು.

ಧೂಳು ಎದ್ದು ಬಿಸಿಲಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿತು. ಅದರ ಚೆಲುವಿಗೆ ಮನಸೋತ ನಿರ್ದೇಶಕ ‘ಕಟ್’ ಎನ್ನಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ‘ಬೆಕ್ಕು ಅಂದ್ರೆ ಬೆಕ್ಕೇ’ ಎಂದು ಮಾಸ್ಟರ್ ಹೆಮ್ಮೆಯಿಂದ ಪಿಸುಗುಟ್ಟಿದ್ದು ಟೈಲರನಿಗೆ ಕೇಳಿಸಿತು. ಅವನಿಗೂ ಹೆಮ್ಮೆಯೆನಿಸಿತು. ಮೆತ್ತೆಯನ್ನು ತಬ್ಬಿಕೊಂಡು, ಧೂಳು ಅವಳ ಬೆನ್ನಿನ ಮೇಲೆ ಒಂದೊಂದೇ ಕಣವಾಗಿ ಇಳಿಯುವುದನ್ನು ನೋಡುತ್ತ ಕುಳಿತೇ ಇದ್ದ.

ಓಡಿದವನು ಪಶುವೈದ್ಯನೊಬ್ಬನೇ. ಈ ಕಸುಬಿನ ಪಾಠ ಅವನಿಗೆ ತಿಳಿದಿರಲಿಲ್ಲ. ಕ್ಯಾಮೆರಾದ ಚೌಕಟ್ಟಿನೊಳಗೆ ನುಗ್ಗಿದವನನ್ನು ಕಂಡು ನಿರ್ದೇಶಕ ಕೂಗಾಡಿದ, ಮ್ಯಾನೇಜರ್ ಅಟ್ಟಿಸಿಕೊಂಡು ಹೋದ. ವೈದ್ಯ ಅವಳ ಪಕ್ಕದಲ್ಲಿ ಮೊಣಕಾಲೂರಿ ತಲೆಯೆತ್ತಿ ಹೇಳಿದ:

‘ಬಿದ್ದ ಕುದುರೆ ಮೊದಲು ಕಿವಿ ಅಲುಗಿಸುತ್ತೆ ಸ್ವಾಮಿ. ಈಯಮ್ಮ ಏನೂ ಅಲುಗಿಸ್ತಿಲ್ಲ.’

*

ಕಾರ್ಮಿಕ ಇಲಾಖೆಯ ಅಧಿಕಾರಿಣಿ ಬಂದಾಗ ಸ್ಮಶಾನದ ಗಾಡಿ ಬಾಗಿಲಲ್ಲಿ ನಿಂತಿತ್ತು. ನೀಲಿ ನಿಲುವಂಗಿಯಲ್ಲಿ ಬೆಕ್ಕಕ್ಕ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಅಂಗಿ ಎಲ್ಲಿಯೂ ಸಡಿಲವಾಗಿರಲಿಲ್ಲ. ಅಧಿಕಾರಿಣಿಯ ಹಿಂದೆಯೇ ಪಶುವೈದ್ಯನೂ ಒಳಗೆ ಬಂದ. ದೂರು ಕೊಟ್ಟವರಾರೆಂದು ಎಲ್ಲರಿಗೂ ತಿಳಿಯಿತು.

ಮ್ಯಾನೇಜರ್ ಮೆಟ್ಟಿಲಿನ ಕತೆ ಹೇಳಿದ. ಅಧಿಕಾರಿಣಿ ಕೇಳಿಸಿಕೊಂಡು, ಮನೆಯ ಮೇಲೆ ಒಮ್ಮೆ ಕಣ್ಣಾಡಿಸಿದಳು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಯ ಮಟ್ಟದಲ್ಲೇ ಹೊಸ್ತಿಲು.

‘ಯಾವ ಮೆಟ್ಟಿಲು?’ ಎಂದಳು.

ಪಶುವೈದ್ಯ ತಾನು ಕಂಡದ್ದನ್ನು ಮತ್ತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ‘ಇವರು ಕುದುರೆ ನೋಡೋಕೆ ಬಂದೋರು ಮೇಡಂ, ಕುದುರೇನೇ ನೋಡ್ತಿದ್ರು’ ಎಂದು ಮ್ಯಾನೇಜರ್ ತಡೆದ. ಆ ದಿನ ಕುದುರೆ ಹತ್ತಿದವಳು ನಾಯಕಿ ಎಂದೂ, ಈಕೆಯನ್ನು ಕರೆಸಿಯೇ ಇರಲಿಲ್ಲವೆಂದೂ ಸೇರಿಸಿದ.

‘ಅವಳ ಜೊತೆ ಕೆಲಸ ಮಾಡಿದೋರು ಒಬ್ಬರು ಹೇಳಿದ್ರೆ ಸಾಕು,’ ಎಂದಳು ಅಧಿಕಾರಿಣಿ, ಕೋಣೆಯಲ್ಲಿದ್ದವರತ್ತ ತಿರುಗಿ. ‘ಕೆಲಸದ ಜಾಗದಲ್ಲಿ ಬಿದ್ದಿದ್ದು ನೋಡಿದೀನಿ ಅಂತ. ಬೆನ್ನಿನ ಪರೀಕ್ಷೆ ಮಾಡಿಸ್ತೀನಿ. ಮಣ್ಣಾದ್ಮೇಲೆ ನನ್ನ ಕೈಲಿ ಏನೂ ಇರಲ್ಲ.’

ಲೈಟ್‌ನವರು, ಕ್ಯಾಮೆರಾ ಹೊರುವವರು, ಮೇಕಪ್ಪಿನ ಹೆಂಗಸು, ಗೋಡೆಯ ಪಕ್ಕ ಮಾಸ್ಟರ್. ಆ ದಿನ ಇಳಿಜಾರಿನಲ್ಲಿ ನಿಂತವರೆಲ್ಲ ಇಲ್ಲಿದ್ದರು, ಅಂದು ನಿಂತಂತೆಯೇ ನಿಂತಿದ್ದರು. ಒಬ್ಬರ ಬೆರಳೂ ಅಲುಗಲಿಲ್ಲ. ಮ್ಯಾನೇಜರ್ ಟೈಲರನ ಕಡೆ ನೋಡಿದ. ಆ ನೋಟದಲ್ಲಿ ಪರದೆಯ ಮೇಲಿನ ಹೆಸರು ಇತ್ತು, ಪೂರ್ತಿ ಹೆಸರು.

ಮಗಳೂ ಅಪ್ಪನನ್ನೇ ನೋಡುತ್ತಿದ್ದಳು.

ಟೈಲರ್ ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತು ಆ ಮುಖಗಳನ್ನು ಒಂದೊಂದಾಗಿ ನೋಡಿದ. ಇವರು ಹೆದರಿದ್ದರು, ನಿಜ. ಆದರೆ ಅವನು ಕಂಡದ್ದು ಹೆದರಿಕೆಗಿಂತ ಹಳೆಯದು. ಇವರು ಕಾಯುತ್ತಿದ್ದರು. ಬೇರೆ ಯಾರೋ ಹೇಳಬೇಕಾದ ಮಾತಿಗೆ, ಅದು ಬರುವವರೆಗೆ ಅಲುಗಬಾರದೆಂದು ಕಲಿತವರು ಕಾಯುವ ಹಾಗೆ. ಆ ದಿನ ಮೆತ್ತೆ ತಬ್ಬಿಕೊಂಡು ಅವನೂ ಹೀಗೆಯೇ ಕಾದಿದ್ದ. ಆ ಮಾತನ್ನಾಡುವುದು ಟೈಲರನ ಪಾಲಿನ ಕೆಲಸವಲ್ಲ. ಬದುಕಿನಲ್ಲಿ ಒಮ್ಮೆಯೂ ಅವನು ಅದನ್ನು ಆಡಿರಲಿಲ್ಲ.

‘ಕಟ್,’ ಎಂದ ಟೈಲರ್.

ದೊಡ್ಡ ದನಿಯೇನಲ್ಲ. ಆದರೂ ಕೋಣೆಯಲ್ಲಿ ಭುಜಗಳು ಇಳಿದವು. ಹಿಡಿದ ಉಸಿರುಗಳು ಹೊರಬಿದ್ದವು. ಯಾರೋ ಕೆಮ್ಮಿದರು. ಲೈಟ್‌ನವನ ಕೈ ಅಲ್ಲಿರದ ಸ್ವಿಚ್ಚಿಗಾಗಿ ತಡಕಾಡಿತು. ಮಾಸ್ಟರ್ ಗೋಡೆಯನ್ನು ಬಿಟ್ಟು ಮುಂದೆ ಬಂದರು, ವರ್ಷಾನುಗಟ್ಟಲೆ ಬಂದ ಹಾಗೆ. ಪೆಟ್ಟಿಗೆಯ ಮೇಲೆ ಬಗ್ಗಿ ಅವಳ ಭುಜದ ಕೆಳಗೆ ಕೈಕೊಟ್ಟರು.

‘ಏಳಮ್ಮ ಬೆಕ್ಕೇ. ಆಯ್ತು.’

ಆಮೇಲೆ ತಾವು ಮಾಡಿದ್ದೇನೆಂಬುದು ಮಾಸ್ಟರ್‌ಗೆ ಅರಿವಾಯಿತು. ಕೈಯನ್ನು ತೆಗೆಯಲಾಗಲಿಲ್ಲ.

‘ಏಳಲ್ಲ ಮೇಡಂ ಇವಳು,’ ಎಂದರು, ಮುಖವೆತ್ತದೆ. ‘ಅವತ್ತೂ ಏಳಲಿಲ್ಲ. ಅಲ್ಲೇ ಇಳಿಜಾರಲ್ಲಿ. ನಾನೇ ಕರೆಸಿದ್ದೆ. ನಾನು ನೋಡಿದೀನಿ.’

‘ನಾನೂ,’ ಎಂದ ಲೈಟ್‌ನವನು. ಮೇಕಪ್ಪಿನ ಹೆಂಗಸು ಬಾಯಿಗೆ ಸೆರಗಿಟ್ಟುಕೊಂಡೇ ಕೈಯೆತ್ತಿದಳು.

ಮ್ಯಾನೇಜರ್ ಯಾವಾಗ ಹೊರಟುಹೋದನೋ ಯಾರೂ ಗಮನಿಸಲಿಲ್ಲ. ಗಾಡಿಯವನಿಗೆ ಸ್ಮಶಾನಕ್ಕೆ ಮೊದಲು ಆಸ್ಪತ್ರೆಗೆ ಹೋಗಬೇಕೆಂದು ಅಧಿಕಾರಿಣಿ ಹೇಳುತ್ತಿದ್ದಾಗ ಟೈಲರ್ ಒಳಗೆ ಹೋಗಿ ಬೂದುಬಣ್ಣದ ಮೆತ್ತೆಯನ್ನು ತಂದ. ಅದೇನೆಂದು ಅಧಿಕಾರಿಣಿ ಕೇಳಿದಳು. ‘ಅವತ್ತು ಇಲ್ಲಿ ಇರ್ಬೇಕಾಗಿತ್ತು,’ ಎಂದಷ್ಟೇ ಹೇಳಿ, ಮಾಸ್ಟರ್ ಭುಜವನ್ನು ತುಸು ಎತ್ತಿ ಹಿಡಿದಾಗ, ಅದನ್ನು ಹೆಂಡತಿಯ ಬೆನ್ನಿನ ಕೆಳಗೆ ಸರಿಸಿ, ಮುದುರಿದ ಅಂಚನ್ನು ಬೆರಳಿನಿಂದ ತೀಡಿದ.

*

ಆ ಚಿತ್ರ ಕೊಂಚ ತಡವಾಗಿ ಬಿಡುಗಡೆಯಾಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. ಅವಳ ಫೋಟೋ ಇಲ್ಲ, ಹೆಸರಿಲ್ಲ, ಪ್ರಾಣಿಗಳ ವಾಕ್ಯವಿದೆ. ಆ ಶಾಟ್ ಕೂಡ ಇದೆ, ಪಶುವೈದ್ಯನ ಬೂಟು ಚೌಕಟ್ಟಿನೊಳಗೆ ಬರುವುದಕ್ಕೆ ಸ್ವಲ್ಪ ಮುಂಚೆ ಮುಗಿಯುವಂತೆ. ಟೈಲರ್ ಮತ್ತು ಮಗಳು ಅದನ್ನು ನೋಡಲು ಹೋಗಿಲ್ಲ. ನೀವು ಹೋಗುತ್ತೀರಿ. ಪ್ರತಿಯೊಂದು ಆಟದಲ್ಲೂ ಅವಳು ಬಿದ್ದು ಬೋರಲಾಗಿ ಮಲಗುತ್ತಾಳೆ, ಬಂಗಾರದ ಧೂಳು ಮೆತ್ತೆಯಿಲ್ಲದ ಆ ಬೆನ್ನಿನ ಮೇಲೆ ನಿಧಾನವಾಗಿ ಇಳಿಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ.

ನೀವು ತಟ್ಟಬೇಡಿ. ಹೊರಗೆ ಬಂದು ಟಿಕೆಟ್ ಕಿಟಕಿಯ ಮುಂದೆ ನಿಂತು, ಸರದಿಯಲ್ಲಿರುವ ಎಲ್ಲರ ಕಿವಿಗೂ ಬೀಳುವಂತೆ ಕೇಳಿ. ಸೆನ್ಸಾರ್ ಮಂಡಳಿಗೂ ಬರೆದು ಕೇಳಿ, ಉತ್ತರ ಬರುವವರೆಗೆ ಕೇಳಿ: ಬಿದ್ದವಳು ಎದ್ದಳೇ?