ಎಂಟು ಕಾಲು, ಎರಡು ಕೈ

ಮೂಳೆಯಮ್ಮನ ತಲೆ ಕೆಡಿಸಿದ್ದು ಮೂರು ಸಾಲಿನ ಒಂದು ಚೀಟಿ. 'ಹೊಸ ಅಂಗಣದ ಟ್ಯಾರಂಟುಲಾ ಜೇಡದ ಮಾದರಿಗೆ ಹತ್ತು ಕಾಲುಗಳಿರುವುದು ಗಮನಕ್ಕೆ ಬಂದಿದೆ. ಜೇಡಕ್ಕೆ ಎಂಟೇ ಕಾಲೆಂಬುದು ಎಲ್ಲರಿಗೂ ತಿಳಿದ ವಿಷಯ. ಹೆಚ್ಚಿರುವ ಎರಡನ್ನು ಇಂದೇ ತೆಗೆಯತಕ್ಕದ್ದು.' ಕೆಳಗೆ ವಸ್ತುಸಂಗ್ರಹಾಲಯದ ನಿರ್ದೇಶಕರ ರುಜು. ರುಜುವಿನ ಕೆಳಗೂ ಏನೋ ಬರೆದಿತ್ತು. ಆದರೆ ಅಷ್ಟು ಹೊತ್ತಿಗೆ ಕೋಪ ನೆತ್ತಿಗೇರಿದ್ದರಿಂದ ಅವಳು ಅದನ್ನು ಓದಲಿಲ್ಲ.

"ಎಲ್ಲರಿಗೂ ತಿಳಿದ ವಿಷಯವಂತೆ!" ಎಂದು ಚೀಟಿಯನ್ನು ಮುದ್ದೆ ಮಾಡಿ, ಮತ್ತೆ ಬಿಡಿಸಿ, ಮತ್ತೆ ಮುದ್ದೆ ಮಾಡಿದಳು.

ಅವಳ ಹೆಸರು ಬೇರೆಯೇ ಇತ್ತು. ಮೂವತ್ತು ವರ್ಷದ ಹಿಂದೆ ಪ್ರಾಣಿಗಳ ಅಸ್ಥಿಪಂಜರ ಜೋಡಿಸುವ ಕೆಲಸಕ್ಕೆ ಸೇರಿದಾಗ ಯಾರೋ ತಮಾಷೆಗೆ ಮೂಳೆಯಮ್ಮ ಅಂದರು, ಅದೇ ಅಂಟಿಕೊಂಡಿತು. ಈಗ ಆ ಮೂಳೆಯಮ್ಮ ಒಂದು ವರ್ಷದಿಂದ ಕಟ್ಟುತ್ತಿದ್ದುದು ಒಂದೇ ಒಂದು ಮೂಳೆಯೂ ಇಲ್ಲದ ಪ್ರಾಣಿಯನ್ನು. ಜೇಡದ ಗಟ್ಟಿತನವೆಲ್ಲ ಹೊರಗಿನ ಚಿಪ್ಪಿನದು, ಒಳಗೆಲ್ಲ ಮೆತ್ತಗೆ. ನಾಲ್ಕು ಜನ ಮಲಗುವ ಮಂಚದಷ್ಟು ಅಗಲದ ಆ ಮಾದರಿ ಅಂಗಣದ ನಡುವೆ ನಿಂತಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಅದನ್ನು ಜನ ನೋಡುವವರಿದ್ದರು. ನಾಳಿದ್ದು ಮೂಳೆಯಮ್ಮನಿಗೆ ನಿವೃತ್ತಿ.

ಅವಳಿಗೆ ಇದು ಬರೀ ಕೆಲಸವಾಗಿರಲಿಲ್ಲ, ಹಳೆಯ ತಪ್ಪೊಂದನ್ನು ತಿದ್ದುವ ಕೊನೆಯ ಅವಕಾಶವಾಗಿತ್ತು. ಹದಿನೆಂಟು ವರ್ಷದ ಹಿಂದೆ ಅವಳು ಮೊದಲ ಜೇಡ ಮಾಡಿದ್ದಳು. ನಿಜವಾದ ಜೇಡವನ್ನು ಸರಿಯಾಗಿ ನೋಡದೆ, ದುಂಡಗಿನ ಹೊಟ್ಟೆಯಿಂದಲೇ ಎಂಟೂ ಕಾಲು ಹೊರಡಿಸಿ ಕೂರಿಸಿದ್ದಳು. ಜೇಡದ ಹೊಟ್ಟೆಯಲ್ಲಿ ಒಂದು ಕಾಲೂ ಇರುವುದಿಲ್ಲ. ತಲೆ ಎದೆ ಒಂದಾಗಿ, ಒಂದೇ ಮುಚ್ಚಳದ ಕೆಳಗೆ ಕೂತ ಮುಂಭಾಗವಿದೆಯಲ್ಲ, ಕಾಲೆಲ್ಲ ಅಲ್ಲಿಂದ ಬರಬೇಕು. ಅದು ಗೊತ್ತಾಗುವ ಹೊತ್ತಿಗೆ ಮಾದರಿ ಗಾಜಿನೊಳಗೆ ಸೇರಿಯಾಗಿತ್ತು. ಬದಲಿಸಿ ಎಂದು ಮೂವರು ನಿರ್ದೇಶಕರಿಗೆ ಅರ್ಜಿ ಕೊಟ್ಟಳು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಯ ಮಕ್ಕಳು ಸಾಲಾಗಿ ಬಂದು ಅದನ್ನೇ ನೋಡಿ ಚಿತ್ರ ಬರೆದುಕೊಂಡು ಹೋದರು. ಒಂದು ದಿನ ತಮ್ಮನ ಮಗಳು ಪುಸ್ತಕ ತಂದು ತೋರಿಸಿದಳು, "ಅತ್ತೆ, ನೋಡು, ನಿನ್ನ ಜೇಡ!" ಹೊಟ್ಟೆಯಿಂದ ಎಂಟು ಕಾಲು, ಪಕ್ಕದಲ್ಲಿ ಟೀಚರಮ್ಮನ ಕೆಂಪು ಶಾಯಿ: ಹತ್ತಕ್ಕೆ ಹತ್ತು. ಆ ಹತ್ತಕ್ಕೆ ಹತ್ತು ಇವತ್ತಿಗೂ ಅವಳ ಹೊಟ್ಟೆ ಉರಿಸುತ್ತಿತ್ತು.

ಆಮೇಲೆ ಅವಳು ಒಂದು ಜೀವಂತ ಟ್ಯಾರಂಟುಲಾವನ್ನೇ ಕೆಲಸದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಂಡಳು. ಹೆಣ್ಣು ಜೇಡ, ಹದಿನೇಳು ವರ್ಷದಿಂದ ಅಲ್ಲೇ ಇತ್ತು, ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಅಜ್ಜಿ ಅಂಗಾತ ಮಲಗಿ ಕಳಚಿದ ಪೊರೆಗಳನ್ನೆಲ್ಲ ಮೂಳೆಯಮ್ಮ ಒಂದೊಂದು ರಟ್ಟಿನ ಡಬ್ಬಿಯಲ್ಲಿಟ್ಟು, ವರ್ಷ ಬರೆದು, ಕಪಾಟಿನಲ್ಲಿ ಜೋಡಿಸಿದ್ದಳು. ಆ ಸಾಲಿನಲ್ಲಿ ಒಂದು ಪೊರೆಗೆ ಏಳೇ ಕಾಲು. ಅದು ತಮ್ಮನ ಕೃಪೆ. ಅದೇ ಸಂಗ್ರಹಾಲಯದಲ್ಲಿ ಕಬ್ಬಿಣದ ಚೌಕಟ್ಟು ಬೆಸೆಯುವ ಅವನು ಒಮ್ಮೆ ಪೆಟ್ಟಿಗೆಯ ಮುಚ್ಚಳವನ್ನು ದಡಕ್ಕನೆ ಹಾಕಿದ್ದ. ಸಿಕ್ಕಿಬಿದ್ದ ಕಾಲನ್ನು ಅಜ್ಜಿ ತಾನೇ ಕಳಚಿ ಬಿಟ್ಟು ಸರಿದುಹೋಗಿತ್ತು. ಅದರ ಮುಂದಿನ ಪೊರೆಯಲ್ಲಿ ಕಡ್ಡಿಯಂಥ ಸಣ್ಣ ಕಾಲು, ಇನ್ನೊಂದೆರಡು ಪೊರೆ ದಾಟಿದ ಮೇಲೆ ಪೂರ್ತಿ ಕಾಲು.

ಚೀಟಿ ಹಿಡಿದು ಮೂಳೆಯಮ್ಮ ಕಪಾಟಿನಿಂದ ಹೋದ ವರ್ಷದ ಡಬ್ಬಿ ತೆಗೆದುಕೊಂಡು ನಿರ್ದೇಶಕರ ಕೋಣೆಗೆ ನಡೆದಳು. ಬಾಗಿಲ ಹೊರಗಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂರಬೇಕಾಯಿತು. ಒಳಗೆ ಅವರು ನಾಳಿನ ಹೂಕುಂಡಗಳ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಹೂಕುಂಡಕ್ಕೆ ಒಂದೂವರೆ ಗಂಟೆ, ಜೇಡಕ್ಕೆ ಮೂರು ಸಾಲು.

ಕೊನೆಗೂ ಕರೆದರು.

"ಅಮ್ಮಾ, ವಾದ ಬೇಡ," ಎಂದರು ಅವರು ಅವಳು ಕೂರುವ ಮೊದಲೇ. "ನಾನೇ ಎಣಿಸಿದೀನಿ. ನಿನ್ನೆ ನಮ್ಮ ಮನೆಯವರು ಬಂದಿದ್ರು, ಅವರೂ ಎಣಿಸಿದ್ರು. ಹತ್ತು."

"ಸಾರ್, ಮುಂದಿನ ಎರಡು ಕಾಲಲ್ಲ. ಕೈ."

"ಜೇಡಕ್ಕೆ ಕೈನಾ?"

"ಕೈ ಥರದ್ದು ಸಾರ್. ಅದಕ್ಕೆ ಕಣ್ಣು ಎಂಟಿದ್ರೂ ದೃಷ್ಟಿ ಅಷ್ಟಕ್ಕಷ್ಟೆ. ಬಾಯಿ ಪಕ್ಕದ ಈ ಎರಡರಲ್ಲಿ ಮುಟ್ಟಿ ನೋಡುತ್ತೆ, ತಡಕುತ್ತೆ, ಊಟ ಹಿಡ್ಕೊಳ್ಳುತ್ತೆ."

"ನೋಡೋಕೆ ಕಾಲಿನ ಥರಾನೇ ಇದೆಯಲ್ಲ!"

"ಅದಕ್ಕೇ ನೋಡಬಾರದು ಸಾರ್, ಎಣಿಸಬೇಕು."

ಅವಳು ಡಬ್ಬಿ ತೆರೆದಳು. ಕಂದು ಬಣ್ಣದ ಪೊರೆ ಅಜ್ಜಿಯೇ ಬಂದು ಕೂತಂತೆ ಕೂತಿತ್ತು. ನಿರ್ದೇಶಕರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದರು. ಇದು ಬರೀ ಸಿಪ್ಪೆ ಎಂದು ಒಪ್ಪಿಸಿ, ಅವರ ಕೈಗೆ ಪೆನ್ಸಿಲು ಕೊಟ್ಟು, ಒಂದೊಂದೇ ತುಂಡು ಮುಟ್ಟಿಸಿದಳು. ಕಾಲಿಗೆ ಬುಡದಿಂದ ತುದಿಯವರೆಗೆ ಏಳು ತುಂಡು, ತುದಿಯಲ್ಲಿ ಎರಡು ಉಗುರು. ಕೈಗೆ ಆರೇ ತುಂಡು, ಒಂದೇ ಉಗುರು. ಅವರು ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಎಣಿಸಿದರು. ಎಣಿಸುತ್ತ ಎಣಿಸುತ್ತ ಕುರ್ಚಿ ತಾನಾಗಿಯೇ ಮುಂದಕ್ಕೆ ಬಂದಿತ್ತು.

"ನಿಮ್ಮ ಮಾದರೀಲೂ ಹೀಗೇ ಇದೆಯಾ?"

"ಆ ಎರಡು ಕೈಗೇ ಎರಡು ತಿಂಗಳು ಕೂತಿದೀನಿ ಸಾರ್. ಒಂದೊಂದು ಕೂದಲೂ ಚಿಮಟದಲ್ಲಿ ನೆಟ್ಟಿದ್ದು."

ಅವರು ನಿಟ್ಟುಸಿರು ಬಿಟ್ಟು ಚೀಟಿಯ ಮೇಲೆ ಅಡ್ಡಗೆರೆ ಎಳೆದು, 'ಇದ್ದಂತೆಯೇ ಇರಲಿ' ಎಂದು ಬರೆದು ರುಜು ಹಾಕಿದರು. ಹದಿನೆಂಟು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಗೆದ್ದದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ಸಂತೋಷಕ್ಕೆ ಅವಳ ಕಾಲು ನೆಲದ ಮೇಲಿರಲಿಲ್ಲ.

ಅಂಗಣದ ಬಾಗಿಲಲ್ಲಿ ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಅವಳು ಒಳಗೆ ಓಡಿದಳು.

ತಮ್ಮ ಗ್ರೈಂಡರ್ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ನೆಲದ ಮೇಲೆ ಗೋಣಿಚೀಲ ಹಾಸಿ ಎರಡು ದೊಡ್ಡ ಕಾಲುಗಳನ್ನು ಜೋಪಾನವಾಗಿ ಮಲಗಿಸಿದ್ದ.

"ಏನೋ ಮಾಡ್ದೆ?"

"ಚೀಟಿ ಬಂತಲ್ಲಕ್ಕ. ಎರಡು ತೆಗೀಬೇಕು, ಇವತ್ತೇ ಅಂತ."

ಮುದ್ದೆಯಾದ ಚೀಟಿಯನ್ನು ಅವಳು ಈಗ ಪೂರ್ತಿ ಓದಿದಳು. ರುಜುವಿನ ಕೆಳಗೆ ಇದ್ದದ್ದು: 'ಪ್ರತಿ: ಕಬ್ಬಿಣದ ಕೆಲಸದವರಿಗೆ.'

"ಆದ್ರೆ ನೀನೇನೂ ಚಿಂತೆ ಮಾಡ್ಬೇಡ," ಎಂದ ತಮ್ಮ. ಅವನ ಮುಖದಲ್ಲಿ ಏನೋ ಉಪಕಾರ ಮಾಡಿದ ಕಳೆ. "ಕೈ ಮುಟ್ಟಿಲ್ಲ ನಾನು."

ಅವಳು ಜೇಡದ ಕಡೆ ತಿರುಗಿದಳು. ಕೈ ಎರಡೂ ಇದ್ದವು, ಕೂದಲು ಸಮೇತ. ಅವುಗಳ ಹಿಂದಿನ ಮೊದಲ ಜೊತೆ ಕಾಲು ಮಾತ್ರ ಇರಲಿಲ್ಲ.

"ಅವರಿಗೆ ಎಂಟು ಕಾಣಿಸಿದ್ರೆ ಸಾಕು ತಾನೆ? ಕಾಲು ಎಂಟಿತ್ತು, ಎರಡು ಹೋದ್ರೂ ಆರಿದೆ. ಕೈ ಇರೋದೇ ಎರಡು. ನೀನು ಎರಡು ತಿಂಗಳು ಕಣ್ಣು ಕಳ್ಕೊಂಡು ಕೂತಿದ್ದು ನಾನು ನೋಡಿಲ್ವಾ? ಅದನ್ನ ಕಡಿಯೋಕೆ ನಂಗೆ ಮನಸ್ಸು ಬರ್ಲಿಲ್ಲಕ್ಕ."

ಮೂಳೆಯಮ್ಮನಿಗೆ ಅವನನ್ನು ಹೊಡೆಯಬೇಕೋ, ತಾನೇ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕಡಿಯಬೇಡಿ ಎಂಬ ಕಾಗದ ಕೈಯಲ್ಲೇ ಇತ್ತು. ಅವಳಿಗೆ ಅಳು ಬಂತು, ಅಳುವುದಕ್ಕಿಂತ ಜೋರಾಗಿ ಕೋಪ ಬಂತು.

"ಒಂದು ಮಾತು ಕೇಳೋಕೆ ಆಗ್ತಿರ್ಲಿಲ್ವೇನೋ? ಒಂದೇ ಒಂದು ಮಾತು! ನಿನ್ನ ಪ್ರೀತಿಗೆ ಬೆಂಕಿ ಬೀಳ! ಮೊದಲು ಹೊಟ್ಟೇಲಿ ಕಾಲಿರೋ ಜೇಡ, ಈಗ ಆರು ಕಾಲಿನ ಜೇಡ. ಇನ್ನು ಎಷ್ಟು ಮಕ್ಕಳು ತಪ್ಪು ಬರೆದು ಹತ್ತಕ್ಕೆ ಹತ್ತು ತಗೋಬೇಕು?"

"ಈಗ್ಲೇ ಬೆಸೆದು ಕೊಡ್ತೀನಕ್ಕ..."

"ಕಬ್ಬಿಣ ಬೆಸೀತೀಯ. ಮೇಲಿನ ಚಿಪ್ಪಿನ ಅಂಟು ಒಣಗೋಕೆ ಐದು ದಿನ ಬೇಕು. ಸಂಜೆ ಗಾಜು ಕೂರಿಸ್ತಾರೆ. ಆಮೇಲೆ ತೆಗೆಯೋದು ವರ್ಷಕ್ಕೊಂದ್ಸಲ, ಧೂಳು ಹೊಡೆಯೋಕೆ. ಅಷ್ಟೊತ್ತಿಗೆ ನಾನೆಲ್ಲಿರ್ತೀನಿ?"

ಅವಳು ಕೆಲಸದ ಕೋಣೆಗೆ ಹೋಗಿ ಬಾಗಿಲು ದಬ್ಬಿಕೊಂಡಳು.

ಪೆಟ್ಟಿಗೆಯಲ್ಲಿ ಅಜ್ಜಿ ಎಂಟೂ ಕಾಲು ಊರಿ, ಎರಡೂ ಕೈ ಮುಂದಿಟ್ಟು, ಲೋಕದ ಗೊಡವೆಯೇ ಇಲ್ಲದೆ ಕೂತಿತ್ತು. "ನಿಂಗೇನಮ್ಮ, ಯಾವ ನಿರ್ದೇಶಕರೂ ಇಲ್ಲ, ತಮ್ಮನೂ ಇಲ್ಲ," ಎಂದು ಮೂಳೆಯಮ್ಮ ಅದಕ್ಕೂ ಬೈದಳು. ಬೈಯುತ್ತ ಕೈಯಲ್ಲಿದ್ದ ಡಬ್ಬಿಯನ್ನು ಕಪಾಟಿನಲ್ಲಿಡಲು ಹೋದಾಗ ಅದೇ ಸಾಲಿನ ಹಳೆಯ ಡಬ್ಬಿಯೊಂದು ಕೈಗೆ ತಾಕಿತು. ಏಳು ಕಾಲಿನ ಪೊರೆ. ಅದರ ಪಕ್ಕ ಕಡ್ಡಿ ಕಾಲಿನದು.

ಅವಳು ಆ ಎರಡೂ ಡಬ್ಬಿ ಹಿಡಿದು ಓಡಿದಳು. ಮಾದರಿಯ ಕೆಳಗೆ ಅಂಗಾತ ಮಲಗಿ ಕಡಿದ ಜಾಗ ನೋಡಿದಳು. ತಮ್ಮ ತಾನು ಬೆಸೆದ ಜಾಗದಲ್ಲೇ ಕಡಿದಿದ್ದ: ಬುಡದ ಮೊದಲ ತುಂಡು ಮೈಗೆ ಉಳಿದು, ಎರಡನೆಯದರಿಂದ ಆಚೆಗೆ ಹೋಗಿತ್ತು. ಅಜ್ಜಿಯ ಪೊರೆಯಲ್ಲೂ ಕಾಲು ಕಳಚಿದ್ದು ಅದೇ ಸಂದಿನಲ್ಲಿ.

"ಲೋ, ಬಾ ಇಲ್ಲಿ. ಆ ಮೊಂಡು ಎರಡನ್ನೂ ನುಣ್ಣಗೆ ಮಾಡು. ಬೇಗ."

ಸಂಜೆ ಗಾಜು ಕೂರಿಸುವ ಮೊದಲು ಹೊಸ ಫಲಕ ಸಿದ್ಧವಾಯಿತು. 'ಈ ಜೇಡಕ್ಕೆ ಈಗ ಇರುವುದು ಆರು ಕಾಲು, ಎರಡು ಕೈ. ಎರಡು ಕಾಲು ಕಳೆದುಕೊಂಡಿದೆ. ಎಲ್ಲಿ ಕಳೆದುಕೊಂಡಿದೆ, ಹುಡುಕಿ. ಜೇಡ ಪೊರೆ ಕಳಚಿದಾಗ ಹೋದ ಕಾಲು ಸಣ್ಣದಾಗಿ ಮರಳಿ ಬರುತ್ತದೆ, ಪೊರೆಯಿಂದ ಪೊರೆಗೆ ಬೆಳೆಯುತ್ತದೆ. ಮುಂದಿನ ವರ್ಷ ಬಂದು ನೋಡಿ.'

ಮರುದಿನ ಹತ್ತಕ್ಕೆ ಬಾಗಿಲು ತೆರೆಯಿತು. ನಿರ್ದೇಶಕರು ಫಲಕ ಓದಿ, ಜೇಡದ ಕಾಲು ಎಣಿಸಿ, ಮತ್ತೆ ಓದಿದರು.

"ಇದ್ದಂತೆಯೇ ಇರಲಿ ಅಂತ ಬರೆದಿದ್ನಲ್ಲಮ್ಮಾ?"

"ನಿಮ್ಮ ಮೊದಲನೇ ಚೀಟಿ ನನಗಿಂತ ಬೇಗ ನಡೀತು ಸಾರ್," ಎಂದಳು ಮೂಳೆಯಮ್ಮ.

ಜನ ಬಂದರು. ಎಂಟರವರೆಗೆ ಎಣಿಸಿ, ಸರಿಯಾಗಿದೆ ಎಂದು ಹೊರಟವರು ಫಲಕ ಓದಿ ನಿಂತರು, ವಾಪಸು ಬಂದರು, ಬಗ್ಗಿ ಕೆಳಗೆ ಇಣುಕಿದರು. ಹಳೆಯ ಜೇಡದ ಮುಂದೆ ಹದಿನೆಂಟು ವರ್ಷ ಯಾರೂ ಹೀಗೆ ಬಗ್ಗಿದ್ದನ್ನು ಅವಳು ಕಂಡಿರಲಿಲ್ಲ. ಆದರೂ ಅವಳ ಕೋಪ ಪೂರ್ತಿ ಇಳಿದಿರಲಿಲ್ಲ. ಮುಂದಿನ ವರ್ಷದ ಸಣ್ಣ ಕಾಲು, ಅದರ ಮುಂದಿನ ವರ್ಷದ ದೊಡ್ಡ ಕಾಲು, ಯಾವುದನ್ನೂ ಕಟ್ಟಲು ಅವಳಿರುವುದಿಲ್ಲ. ಕಟ್ಟಬೇಕಾದವನು ಕಡಿದವನೇ.

ಅವನು ಗಾಜಿನ ಪಕ್ಕದಲ್ಲಿ ಕಡಿದ ಕಾಲೊಂದನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಸುತ್ತ ಒಂದಿಷ್ಟು ಜನ.

"ಕಾಲಿಗೆ ಏಳು ತುಂಡು, ಕೈಗೆ ಆರು," ಎನ್ನುತ್ತಿದ್ದ. "ಬೇಕಾದ್ರೆ ಎಣಿಸ್ತೀನಿ ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು..."

ಅಲ್ಲಿಗೆ ಕಾಲು ಮುಗಿಯಿತು. ಅವನ ಬೆರಳು ಉಗುರಿನ ಮೇಲೆ ನಿಂತಿತು. ಜನ ಅವನ ಮುಖ ನೋಡಿದರು.

ಮೂಳೆಯಮ್ಮ ಬಾಯಿ ತೆರೆದಳು.

ತಮ್ಮ ಕಾಲನ್ನು ಕೆಳಗಿಳಿಸಿ, ಮಂಡಿಯೂರಿ, ಗಾಜಿನಾಚೆ ಜೇಡದ ಮೈಗೆ ಅಂಟಿ ಉಳಿದಿದ್ದ ಮೊಂಡಿನತ್ತ ಬೆರಳು ತೋರಿಸಿದ.

"ಅಗೋ, ಅಲ್ಲಿದೆ," ಎಂದ. "ಏಳು."

ಅವಳು ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಆಮೇಲೆ ಕೆಲಸದ ಕೋಣೆಯ ಕಪಾಟಿನ ಕೀಲಿಯನ್ನು ಸೊಂಟದಿಂದ ಬಿಚ್ಚಿ, ಅವನು ಎದ್ದು ಬರಲೆಂದು ಕಾದು ನಿಂತಳು.